ಪ್ರಾಕ್ಸಿ ಹಿಂದಿರುವ ಬ್ಯಾಕೆಂಡ್‌ಗೆ ಕ್ಲೈಂಟ್ ಸರ್ಟಿಫಿಕೇಟ್ ತಲುಪಿಸಿದ ನನ್ನ ಅನುಭವ

ಕೋಲಾರದ ಒಂದು ಖಾಸಗಿ ಡೈರಿಗೆ ನಾನು ಸಾಫ್ಟ್‌ವೇರ್ ಕೆಲಸ ಮಾಡಿಕೊಡುತ್ತೇನೆ. ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಹಳ್ಳಿಗಳಲ್ಲಿ ಅವರ ಹಾಲು ತಂಪು ಮಾಡುವ ಟ್ಯಾಂಕ್‌ಗಳಿವೆ. ಪ್ರತಿ ಟ್ಯಾಂಕಿಗೂ ಒಂದು ರಾಸ್ಪ್‌ಬೆರಿ ಪೈ, ಅಂದರೆ ಪುಟ್ಟ ಕಂಪ್ಯೂಟರ್, ಜೋಡಿಸಿದ್ದೇವೆ. ಹಾಲು 4 ಡಿಗ್ರಿಗೆ ಇಳಿಯಿತಾ, ಕರೆಂಟ್ ಹೋದಾಗ ಜನರೇಟರ್ ಶುರುವಾಯಿತಾ ಅನ್ನೋದನ್ನು ಅದು ಸರ್ವರ್‌ಗೆ ಕಳಿಸುತ್ತಾ ಇರುತ್ತದೆ. ಹಾಲು ಕೆಟ್ಟರೆ ನಷ್ಟ ಯಾರ ತಲೆಗೆ ಅನ್ನೋ ಜಗಳದಲ್ಲಿ ಈ ಲೆಕ್ಕವೇ ಸಾಕ್ಷಿ, ಹಾಗಾಗಿ ಯಾವ ಟ್ಯಾಂಕಿನಿಂದ ಬಂದದ್ದು ಅನ್ನೋದರಲ್ಲಿ ಅನುಮಾನ ಇರಬಾರದು. ಪಾಸ್‌ವರ್ಡ್ ಇಟ್ಟರೆ ಅದು ವಾಟ್ಸಾಪ್‌ನಲ್ಲಿ ಊರೆಲ್ಲಾ ಸುತ್ತುತ್ತದೆ, ಅಲ್ವಾ? ಅದಕ್ಕೇ ನಮ್ಮದೇ ಸಿಎ (ಸರ್ಟಿಫಿಕೇಟಿಗೆ ಸಹಿ ಹಾಕಿ ಕೊಡುವ ಅಧಿಕಾರಿ ಇದ್ದ ಹಾಗೆ) ಮಾಡಿ, ಪ್ರತಿ ಪೈಗೂ ಬೇರೆ ಬೇರೆ ಕ್ಲೈಂಟ್ ಸರ್ಟಿಫಿಕೇಟ್, ಅಂದರೆ ಸರ್ವರ್‌ಗೆ ತೋರಿಸುವ ಡಿಜಿಟಲ್ ಗುರುತಿನ ಚೀಟಿ, ಕೊಟ್ಟೆ. ಸಿಎನ್, ಅಂದರೆ ಅದರಲ್ಲಿ ಹೆಸರು ಬರೆಯುವ ಜಾಗದಲ್ಲಿ ಟ್ಯಾಂಕಿನ ಕೋಡ್.

ಮುಂದೆ ಪ್ರಾಕ್ಸಿಯಾಗಿ, ಅಂದರೆ ಹೊರಗಿನ ಕನೆಕ್ಷನ್ ಮೊದಲು ತಾನು ತೆಗೆದುಕೊಂಡು ಒಳಗೆ ದಾಟಿಸಲಿಕ್ಕೆ, ಎಂಜಿನ್‌ಎಕ್ಸ್; ಹಿಂದೆ ಲೆಕ್ಕ ಇಡುವ ಪೈಥಾನ್ ಬ್ಯಾಕೆಂಡ್. ಈ ಜೋಡಿಯಲ್ಲಿ ಎಲ್ಲರೂ ಮೊದಲು ಹುಡುಕುವುದು 'ಕ್ಲೈಂಟ್ ಸರ್ಟಿಫಿಕೇಟ್ ಮುಂದಕ್ಕೆ ಕಳಿಸು' ಅನ್ನೋ ಒಂದು ಸೆಟ್ಟಿಂಗ್. ಅಂಥದ್ದು ಇಲ್ಲ, ಇರೋದಕ್ಕೂ ಸಾಧ್ಯವಿಲ್ಲ. ಟಿಎಲ್‌ಎಸ್ (ಕನೆಕ್ಷನ್ ಗುಪ್ತವಾಗಿಡುವ ಪದ್ಧತಿ) ಹ್ಯಾಂಡ್‌ಶೇಕ್‌ನಲ್ಲಿ, ಅಂದರೆ ಕನೆಕ್ಷನ್ ಶುರುವಿನ ಪರಿಚಯದಲ್ಲಿ, ಕ್ಲೈಂಟ್ ಸರ್ಟಿಫಿಕೇಟ್ ತೋರಿಸಿದರೆ ಸಾಲದು, ಅಲ್ಲಿಯವರೆಗೆ ನಡೆದ ಮಾತುಕತೆಗೆ ತನ್ನ ಪ್ರೈವೇಟ್ ಕೀಯಿಂದ ಸಹಿ ಹಾಕಬೇಕು. ಆ ಕೀ ಇರೋದು ಪೈ ಒಳಗೆ. ಪ್ರಾಕ್ಸಿ ಹತ್ತಿರ ಸರ್ಟಿಫಿಕೇಟಿನ ನಕಲು ಇರುತ್ತದೆ, ಕೀ ಇರುವುದಿಲ್ಲ, ಹಾಗಾಗಿ ಬ್ಯಾಕೆಂಡ್ ಜೊತೆ ಹೊಸ ಕನೆಕ್ಷನ್ ಮಾಡುವಾಗ ಅದು ಪೈ ಹೆಸರಲ್ಲಿ ಸಹಿ ಹಾಕಲಾರದು. ಪ್ರಾಕ್ಸಿ_ಎಸ್‌ಎಸ್‌ಎಲ್_ಸರ್ಟಿಫಿಕೇಟ್ ಅಂತ ಒಂದಿದೆ ನಿಜ, ಆದರೆ ಅದು ಪ್ರಾಕ್ಸಿಯ ಸ್ವಂತ ಗುರುತು ತೋರಿಸಲಿಕ್ಕೆ.

ಉಳಿದದ್ದು ಎರಡು ದಾರಿ. ಒಂದು, ಪ್ರಾಕ್ಸಿ ಟಿಎಲ್‌ಎಸ್ ಬಿಚ್ಚದೆ ಸುಮ್ನೆ ದಾಟಿಸುವುದು. ಎಂಜಿನ್‌ಎಕ್ಸ್‌ನ ಸ್ಟ್ರೀಮ್ ಮಾಡ್ಯೂಲ್ ಇದನ್ನು ಮಾಡುತ್ತದೆ, ಎಸ್‌ಎನ್‌ಐ, ಅಂದರೆ ಕ್ಲೈಂಟ್ ಕೇಳುವ ಸೈಟಿನ ಹೆಸರು ನೋಡಿ ಯಾವ ಬ್ಯಾಕೆಂಡ್ ಅಂತಲೂ ಆರಿಸುತ್ತದೆ. ಭದ್ರತೆಗೆ ಇದೇ ಶುದ್ಧ ದಾರಿ. ಆದರೆ ಒಳಗಿನ ಪಾತ್ ಕಾಣದು, ಹೆಡರ್ (ರಿಕ್ವೆಸ್ಟ್ ಜೊತೆ ಹೋಗುವ ವಿವರದ ಸಾಲು) ಸೇರಿಸಲಾಗದು, ಕ್ಲೈಂಟಿನ ಐಪಿ ಬೇಕೆಂದರೆ ಪ್ರಾಕ್ಸಿ ಪ್ರೋಟೊಕಾಲ್ ಬೇರೆ ಹಚ್ಚಬೇಕು. ನಮ್ಮಲ್ಲಿ ಅದೇ ಡೊಮೈನ್‌ನಲ್ಲಿ ಮ್ಯಾನೇಜರ್‌ಗಳು ನೋಡುವ ಡ್ಯಾಶ್‌ಬೋರ್ಡ್ ಕೂಡ ಇತ್ತು, ಆದ್ದರಿಂದ ನಾನು ಎರಡನೆಯದನ್ನು ಹಿಡಿದೆ: ಪ್ರಾಕ್ಸಿಯೇ ಸರ್ಟಿಫಿಕೇಟ್ ಪರೀಕ್ಷಿಸಿ, ವಿವರವನ್ನು ಹೆಡರ್‌ನಲ್ಲಿ ಒಳಗೆ ಕೊಡುವುದು. ಗೇಟಿನ ವಾಚ್‌ಮನ್ ಗುರುತಿನ ಚೀಟಿ ನೋಡಿ, 'ಇಂಥವರು ಬಂದಿದ್ದಾರೆ' ಅಂತ ಒಳಗೆ ಬರೆದು ಕಳಿಸಿದ ಹಾಗೆ. ಒಳಗಿರುವವರು ನಂಬುತ್ತಿರೋದು ವಾಚ್‌ಮನ್ ಕೈಬರಹವನ್ನ.

ಕಾನ್ಫಿಗ್ ಸಣ್ಣದೇ. ಎಸ್‌ಎಸ್‌ಎಲ್_ಕ್ಲೈಂಟ್_ಸರ್ಟಿಫಿಕೇಟ್‌ಗೆ ನಮ್ಮ ಸಿಎ ಫೈಲ್, ಎಸ್‌ಎಸ್‌ಎಲ್_ವೆರಿಫೈ_ಕ್ಲೈಂಟ್‌ಗೆ ಆಪ್ಷನಲ್. 'ಆನ್' ಯಾಕಿಲ್ಲ ಅಂದರೆ, ಈ ಸಾಲನ್ನು ಸರ್ವರ್ ಮಟ್ಟದಲ್ಲಿ ಬರೆಯಬಹುದೇ ಹೊರತು ಒಂದೊಂದು ಪಾತ್‌ಗೆ ಬರೆಯುವ ಲೊಕೇಶನ್ ಒಳಗೆ ಆಗದು, ಆನ್ ಮಾಡಿದರೆ ಡ್ಯಾಶ್‌ಬೋರ್ಡ್ ನೋಡುವವರಿಗೂ 400 (ರಿಕ್ವೆಸ್ಟ್ ಸರಿಯಿಲ್ಲ ಅನ್ನೋ ಉತ್ತರ) ಬೀಳುತ್ತದೆ. ಆಪ್ಷನಲ್ ಇಟ್ಟು, ಟ್ಯಾಂಕ್‌ಗಳ ಲೊಕೇಶನ್‌ನಲ್ಲಿ ಮಾತ್ರ ಎಸ್‌ಎಸ್‌ಎಲ್_ಕ್ಲೈಂಟ್_ವೆರಿಫೈ ಅನ್ನೋ ಪರೀಕ್ಷೆಯ ಫಲಿತಾಂಶ 'ಸಕ್ಸೆಸ್' ಅಲ್ಲದಿದ್ದರೆ 403 (ಪ್ರವೇಶವಿಲ್ಲ) ಕೊಡು ಅಂದೆ. ಎರಡಕ್ಕೂ ಬೇರೆ ಬೇರೆ ಸಬ್‌ಡೊಮೈನ್ ಸಿಗುವ ಹಾಗಿದ್ದರೆ ಈ ತಲೆನೋವೇ ಬೇಡ.

ಹೆಡರ್‌ಗೆ ನಾನು ಹಾಕಿದ್ದು ಎಸ್‌ಎಸ್‌ಎಲ್_ಕ್ಲೈಂಟ್_ಎಸ್ಕೇಪ್ಡ್_ಸರ್ಟ್. ಇಡೀ ಪಿಇಎಂ, ಅಂದರೆ ಅಕ್ಷರರೂಪದ ಸರ್ಟಿಫಿಕೇಟ್, ಒಂದೇ ಸಾಲಿನಲ್ಲಿ, ಯುಆರ್‌ಎಲ್ ಎನ್‌ಕೋಡ್ ಆಗಿ ಬರುತ್ತದೆ. ಹಳೆಯ ಎಸ್‌ಎಸ್‌ಎಲ್_ಕ್ಲೈಂಟ್_ಸರ್ಟ್ ಅನೇಕ ಸಾಲುಗಳ ಹೆಡರ್ ಮಾಡುತ್ತದೆ, ಅಂಥ ಮಡಚಿದ ಹೆಡರ್‌ಗಳನ್ನು 2014ರ ಎಚ್‌ಟಿಟಿಪಿ ನಿಯಮಗಳೇ ಕೈಬಿಟ್ಟಿವೆ, ಎಷ್ಟೋ ಬ್ಯಾಕೆಂಡ್‌ಗಳು ಅದನ್ನು ಕಂಡರೆ 400 ಅಂತ ಮುಖ ತಿರುಗಿಸುತ್ತವೆ. ಇನ್ನು ಹೆಸರಿನ ಸಾಲು, ಅಂದರೆ ಡಿಎನ್ ಮಾತ್ರ ಕಳಿಸಿ ಅದನ್ನು ಕಾಮಾಗಳಲ್ಲಿ ಕತ್ತರಿಸುವ ಕೋಡ್ ಜಾಸ್ತಿ ನೋಡಿದ್ದೇನೆ. ಹೆಸರಿನ ಒಳಗೇ ಕಾಮಾ ಇದ್ದರೆ ಮುಗೀತು. ಪೂರ್ತಿ ಸರ್ಟಿಫಿಕೇಟ್ ತೆಗೆದುಕೊಂಡು ಪೈಥಾನ್‌ನ ಕ್ರಿಪ್ಟೋಗ್ರಫಿ ಲೈಬ್ರರಿಯಲ್ಲಿ ಓದಿಸಿದರೆ ಸಿಎನ್, ಸೀರಿಯಲ್, ಅವಧಿ ಎಲ್ಲಾ ಸರಿಯಾಗಿ ಸಿಗುತ್ತವೆ. 2023ರ ಆರ್‌ಎಫ್‌ಸಿ 9440 ಅನ್ನೋ ಇಂಟರ್ನೆಟ್ ದಾಖಲೆ ಇದಕ್ಕೆಂದೇ 'ಕ್ಲೈಂಟ್-ಸರ್ಟ್' ಅನ್ನೋ ಹೆಡರ್ ಗೊತ್ತು ಮಾಡಿದೆ. ಅದರ ರೂಪ ಎಂಜಿನ್‌ಎಕ್ಸ್ ಕೊಡುವ ರೂಪ ಅಲ್ಲ, ಹಾಗಾಗಿ ಆ ಹೆಸರನ್ನು ನಾನು ಬಳಸಲಿಲ್ಲ. ಎಕ್ಸ್-ಕ್ಲೈಂಟ್-ಸರ್ಟ್ ಅಂತ ಇಟ್ಟುಕೊಂಡೆ.

ಇಷ್ಟಕ್ಕೇ ನಿಲ್ಲಿಸಿದರೆ ಮನೆಗೆ ಬೀಗ ಇಲ್ಲ ಅಂತಲೇ ಅರ್ಥ. ಸರ್ಟಿಫಿಕೇಟ್ ಗುಟ್ಟಿನ ವಸ್ತುವಲ್ಲ. ಅದರ ನಕಲು ಸಿಕ್ಕ ಯಾರಾದರೂ ಅದೇ ಹೆಡರ್ ಬರೆದು ನೇರ ಬ್ಯಾಕೆಂಡ್‌ಗೆ ಕಳಿಸಿದರೆ, ಬ್ಯಾಕೆಂಡ್ ಅವರನ್ನೇ ಮುಳಬಾಗಿಲಿನ ಟ್ಯಾಂಕ್ ಅಂತ ನಂಬುತ್ತದೆ. ನನ್ನ ಸಮಯ ಹೋದದ್ದೆಲ್ಲಾ ಇಲ್ಲೇ. ಬ್ಯಾಕೆಂಡ್ ಪೋರ್ಟ್ ಮುಚ್ಚಿ, ಯೂನಿಕ್ಸ್ ಸಾಕೆಟ್ (ಅದೇ ಮೆಷಿನ್ ಒಳಗೆ ಫೈಲ್ ಮೂಲಕ ಮಾತಾಡುವ ದಾರಿ) ಮೇಲೆ ಕೂರಿಸಿ, ಆ ಸಾಕೆಟ್ ಫೈಲ್ ಮುಟ್ಟುವ ಅನುಮತಿ ಎಂಜಿನ್‌ಎಕ್ಸ್‌ಗೆ ಮಾತ್ರ ಕೊಟ್ಟೆ. ಬ್ಯಾಕೆಂಡ್ ಬೇರೆ ಮೆಷಿನ್‌ನಲ್ಲಿದ್ದರೆ ಪ್ರಾಕ್ಸಿಗೂ ಬ್ಯಾಕೆಂಡ್‌ಗೂ ನಡುವೆ ಇನ್ನೊಂದು ಎರಡೂ ಕಡೆಯ ಟಿಎಲ್‌ಎಸ್ ಬೇಕು, ಆಗ ನೆನಪಿರಲಿ, ಎಂಜಿನ್‌ಎಕ್ಸ್ ತಾನಾಗಿ ಬ್ಯಾಕೆಂಡಿನ ಸರ್ಟಿಫಿಕೇಟ್ ಪರೀಕ್ಷಿಸುವುದಿಲ್ಲ, ಪ್ರಾಕ್ಸಿ_ಎಸ್‌ಎಸ್‌ಎಲ್_ವೆರಿಫೈ ಆನ್ ಅಂತ ನಾವೇ ಬರೆಯಬೇಕು.

ಹೊರಗಿಂದ ಬರುವ ನಕಲಿ ಹೆಡರ್ ಕತೆ ಬೇರೆ. ನಮ್ಮ ಹೆಡರ್ ಬರೆಯುವ ಪ್ರಾಕ್ಸಿ_ಸೆಟ್_ಹೆಡರ್ ಸಾಲು ಇರುವ ಲೊಕೇಶನ್‌ನಲ್ಲಿ ಕ್ಲೈಂಟ್ ಕಳಿಸಿದ್ದು ಅಳಿಸಿಹೋಗುತ್ತದೆ, ಸರ್ಟಿಫಿಕೇಟ್ ಇಲ್ಲದಿದ್ದರೆ ಹೆಡರೇ ಹೋಗುವುದಿಲ್ಲ. ಆದರೆ ಪಕ್ಕದ ಡ್ಯಾಶ್‌ಬೋರ್ಡ್ ಲೊಕೇಶನ್‌ನಲ್ಲಿ ಆ ಸಾಲು ಇಲ್ಲದಿದ್ದರೆ ನಕಲಿ ಹೆಡರ್ ಆರಾಮಾಗಿ ಒಳಗೆ ಹೋಗುತ್ತದೆ! ಮೇಲೆ ಸರ್ವರ್ ಮಟ್ಟದಲ್ಲಿ ಬರೆದಿದ್ದೇನಲ್ಲ ಅಂತ ಧೈರ್ಯ ಬೇಡ: ಲೊಕೇಶನ್ ಒಳಗೆ ಒಂದೇ ಒಂದು ಪ್ರಾಕ್ಸಿ_ಸೆಟ್_ಹೆಡರ್ ಇದ್ದರೂ ಮೇಲಿನವು ಯಾವುವೂ ಕೆಳಗೆ ಇಳಿಯುವುದಿಲ್ಲ. ನಾನು ಎಲ್ಲಾ ಹೆಡರ್ ಸಾಲುಗಳನ್ನು ಒಂದು ಫೈಲ್‌ಗೆ ಹಾಕಿ ಪ್ರತಿ ಲೊಕೇಶನ್‌ನಲ್ಲೂ ಇನ್‌ಕ್ಲೂಡ್ ಮಾಡಿದೆ. ಇನ್ನೊಂದು ಕಳ್ಳದಾರಿ ಅಂಡರ್‌ಸ್ಕೋರ್. ವೆಬ್ ಸರ್ವರ್‌ಗೂ ಪೈಥಾನ್ ಕೋಡ್‌ಗೂ ನಡುವಿನ ಕೊಂಡಿಯಾದ ಡಬ್ಲ್ಯೂಎಸ್‌ಜಿಐ ಹೆಡರ್ ಹೆಸರಿನ ಹೈಫನ್ನನ್ನೂ ಅಂಡರ್‌ಸ್ಕೋರಾಗಿ ಬದಲಿಸುವುದರಿಂದ ಎರಡು ಬೇರೆ ಹೆಡರ್‌ಗಳು ಒಳಗೆ ಒಂದೇ ಹೆಸರಾಗುತ್ತವೆ. ಅಂಡರ್‌ಸ್ಕೋರ್ ಇರುವ ಹೆಡರ್‌ಗಳನ್ನು ಎಂಜಿನ್‌ಎಕ್ಸ್ ತಾನಾಗಿಯೇ ಬಿಸಾಡುತ್ತದೆ, ಯಾವುದೋ ಹಳೆಯ ಆ್ಯಪ್‌ಗೋಸ್ಕರ ಅದನ್ನು ತೆರೆಯಬೇಡಿ.

ಕದ್ದುಹೋದ ಪೈಗೆ ಸಿಆರ್‌ಎಲ್, ಅಂದರೆ ರದ್ದಾದ ಸರ್ಟಿಫಿಕೇಟ್‌ಗಳ ಪಟ್ಟಿ, ಇಡಬಹುದು, ಆದರೆ ಸಿಆರ್‌ಎಲ್‌ಗೂ ಅವಧಿ ಇದೆ, ಹೊಸದು ಹಾಕದೆ ಅದು ಮುಗಿದರೆ ಸರಿಯಿರುವ ಟ್ಯಾಂಕ್‌ಗಳೂ ಒಟ್ಟಿಗೇ ಹೊರಗೆ ಬೀಳುತ್ತವೆ. ನಮ್ಮಂಥ ಸಣ್ಣ ವ್ಯವಸ್ಥೆಗೆ ಬ್ಯಾಕೆಂಡ್‌ನಲ್ಲಿ ಒಪ್ಪಿಗೆ ಇರುವ ಸೀರಿಯಲ್‌ಗಳ ಪಟ್ಟಿ ಇಟ್ಟು, ಕದ್ದದ್ದನ್ನು ಅಳಿಸುವುದೇ ಸುಲಭ.

ಪರೀಕ್ಷೆಗೆ ಕರ್ಲ್ ಅನ್ನೋ ಕಮಾಂಡ್ ಸಾಕು. ಸರಿಯಾದ ಸರ್ಟಿಫಿಕೇಟ್ ಕೊಟ್ಟು 200 ಬಂತು ಅಂತ ಖುಷಿಪಡುವುದು ಬಿಟ್ಟು, ಸರ್ಟಿಫಿಕೇಟ್ ಇಲ್ಲದೆ ನಕಲಿ ಹೆಡರ್ ಹಾಕಿ ಪ್ರತಿ ಪಾತ್‌ಗೂ ಹೊಡೆದು ನೋಡಿ, ಒಮ್ಮೆ ಹೈಫನ್, ಒಮ್ಮೆ ಅಂಡರ್‌ಸ್ಕೋರ್. ನನ್ನ ಡಿಪ್ಲಾಯ್ ಸ್ಕ್ರಿಪ್ಟ್‌ನಲ್ಲಿ ಈ ಪರೀಕ್ಷೆ ಕೊನೆಗೆ ತಾನೇ ಓಡುತ್ತದೆ, ಬ್ಯಾಕೆಂಡಿನ ಲಾಗ್‌ನಲ್ಲಿ ನಕಲಿ ಟ್ಯಾಂಕಿನ ಕೋಡ್ ಕಂಡರೆ ಹಳೆಯ ಕಾನ್ಫಿಗ್‌ಗೆ ವಾಪಸ್.