ಕುಕ್ಕರಿನಲ್ಲಿ ಪೊಲ್ಲೊ ಅಲ್ಲಾ ಕಚ್ಚಾತೋರಾ: ನಾನು ಮಾಡೋ ರೀತಿ

ಪೊಲ್ಲೊ ಅಲ್ಲಾ ಕಚ್ಚಾತೋರಾ ಅಂದರೆ ಬೇಟೆಗಾರರ ಶೈಲಿಯ ಕೋಳಿ, ಇಟಲಿಯ ಮನೆಯಡುಗೆ. ಇದಕ್ಕೆ ಕುಕ್ಕರ್ ಬೇಕೇ ಬೇಕು ಅಂತೇನಿಲ್ಲ. ದಪ್ಪ ತಳದ ಪಾತ್ರೆಯಲ್ಲಿ, ಸಣ್ಣ ಉರಿಯಲ್ಲಿ, ಒಂದು ಗಂಟೆ ಬೇಯಿಸಿದರೆ ಸೊಗಸಾಗಿ ಆಗುತ್ತದೆ. ನಾನಿರುವ ಇಟಲಿಯ ಟುರಿನ್‌ನಲ್ಲಿ ಭಾನುವಾರ ಹಾಗೇ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಮಾತ್ರ ವಾರದ ಮಧ್ಯೆಯೇ ತಿನ್ನುವ ಆಸೆ. ಕೆಲಸ ಮುಗಿಸಿ ಮನೆ ಸೇರುವಾಗ ಏಳೂವರೆ ಆಗಿರುತ್ತದೆ. ಹಾಗಾಗಿ ಊರಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದ 3 ಲೀಟರಿನ ಸ್ಟೀಲ್ ಕುಕ್ಕರೇ ಗತಿ.

ಕೋಳಿ, ಟೊಮೇಟೊ, ವೈನ್, ಈರುಳ್ಳಿ, ರೋಸ್ಮೆರಿ. ಇದಿಷ್ಟೇ ಮುಖ್ಯ ಸಾಮಾನು. ಉಳಿದದ್ದು ಊರಿಗೊಂದು ಥರ, ಮನೆಗೊಂದು ಥರ. ಟಸ್ಕನಿ ಕಡೆ ಟೊಮೇಟೊ ಜೊತೆ ಆಲಿವ್ ಹಾಕುತ್ತಾರೆ. ರೋಮ್ ಸುತ್ತಮುತ್ತ ಟೊಮೇಟೊ ಬಿಟ್ಟು ಬರೀ ವಿನೆಗರ್, ಬೆಳ್ಳುಳ್ಳಿ, ರೋಸ್ಮೆರಿ, ಆಂಚೊವಿ ಅನ್ನುವ ಪುಟ್ಟ ಉಪ್ಪುಮೀನು ಒಂದೆರಡು ಹಾಕಿ ಮಾಡುವವರೂ ಇದ್ದಾರೆ. ಅಣಬೆ ಹಾಕುವ ಮನೆಗಳಿವೆ, ಹಾಕಿದರೆ ಮೂಗು ಮುರಿಯುವ ಮನೆಗಳೂ ಇವೆ. ದಪ್ಪಮೆಣಸಿನಕಾಯಿ ತುಂಬಿ ಸ್ಪಾಗೆಟ್ಟಿ ಮೇಲೆ ಸುರಿದು ಕೊಡುವುದು ಅಮೆರಿಕದ ಇಟಾಲಿಯನ್ ಹೋಟೆಲುಗಳ ಪದ್ಧತಿ. ಇಲ್ಲಿ ಪಾಸ್ತಾ ಮೊದಲು ಬಂದು ಹೋಗುತ್ತದೆ, ಕೋಳಿ ಆಮೇಲೆ ಬೇರೆ ತಟ್ಟೆಯಲ್ಲಿ ಬರುತ್ತದೆ. ನಾನು ಮಾಡುವುದು ಟೊಮೇಟೊ, ಆಲಿವ್ ಹಾಕಿದ್ದು.

ಕುಕ್ಕರಿನಲ್ಲಿ ಮಾಡಿದ ಕಚ್ಚಾತೋರಾ ಸಪ್ಪೆ, ನೀರು ನೀರು ಅಂತ ದೂರುವವರು ಇದ್ದಾರೆ. ಎಲ್ಲಾ ಒಟ್ಟಿಗೆ ಹಾಕಿ ಮುಚ್ಚಳ ಮುಚ್ಚಿದರೆ ಹಾಗೇ ಆಗುವುದು. ಕುಕ್ಕರ್ ಮಾಂಸ ಬೇಯಿಸುತ್ತದೆ, ಅಷ್ಟೇ. ರುಚಿ ಹುಟ್ಟುವುದು ಮುಚ್ಚಳ ಹಾಕುವುದಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ಮತ್ತು ತೆಗೆದ ಮೇಲಿನ ಹತ್ತು ನಿಮಿಷದಲ್ಲಿ. ನಡುವಿನ ಭಾಗಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಕೋಳಿ ತರುವುದು ಪೋರ್ತಾ ಪಲಾತ್ಸೊ ಮಾರುಕಟ್ಟೆಯಿಂದ. ಯುರೋಪಿನ ದೊಡ್ಡ ಬಯಲು ಸಂತೆಗಳಲ್ಲಿ ಅದೂ ಒಂದು. ಶನಿವಾರ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ತೊಡೆ, ಕಾಲು ಮಾತ್ರ ಕೇಳಿ ತೆಗೆದುಕೊಳ್ಳುತ್ತೇನೆ, ಮೂಳೆ ಮತ್ತು ಚರ್ಮ ಸಮೇತ, ಒಂದು ಕೆಜಿ. ನಾಲ್ಕು ಜನಕ್ಕೆ ಸಾಕು. ಎದೆಭಾಗ ಬೇಡವೇ ಬೇಡ. ಕುಕ್ಕರಿನೊಳಗೆ 120 ಡಿಗ್ರಿ ಹತ್ತಿರ ಬಿಸಿ ಇರುತ್ತದೆ. ತೊಡೆಯಲ್ಲಿ ನಾರು, ಕೊಬ್ಬು ಎರಡೂ ಇರುವುದರಿಂದ ಅದು ಆ ಬಿಸಿಗೆ ಕರಗಿ ಮೆತ್ತಗಾಗುತ್ತದೆ. ಎದೆ ಒಣಗಿ ಹಂಜಿಯಾಗುತ್ತದೆ.

ಮನೆಗೆ ತಂದು ಉಪ್ಪು ಸವರಿ ಫ್ರಿಜ್ಜಿನಲ್ಲಿ ಇಡುತ್ತೇನೆ, ಕೆಜಿಗೆ ಒಂದೂವರೆ ಟೀ ಚಮಚ. ಮಾಡುವ ಮೊದಲು ಪೇಪರ್ ಟವೆಲಿನಿಂದ ಒತ್ತಿ ಒತ್ತಿ ಒರೆಸುತ್ತೇನೆ. ನಮ್ಮಲ್ಲಿ ಕೋಳಿ ತೊಳೆದು ನೀರು ಸೋರುವಾಗಲೇ ಪಾತ್ರೆಗೆ ಹಾಕುವ ರೂಢಿ. ಸಾರಿಗೆ ಅದು ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. ಚರ್ಮದ ಮೇಲೆ ನೀರಿದ್ದರೆ ಮೊದಲು ಆ ನೀರು ಆವಿಯಾಗಬೇಕು, ಅಲ್ಲಿಯವರೆಗೂ ಕಂದು ಬಣ್ಣ ಬರುವುದಿಲ್ಲ.

ಕುಕ್ಕರಿಗೆ ಎರಡು ದೊಡ್ಡ ಚಮಚ ಆಲಿವ್ ಎಣ್ಣೆ. ಕಾದ ಮೇಲೆ ತುಂಡುಗಳನ್ನು ಚರ್ಮದ ಕಡೆ ಕೆಳಗೆ ಮಾಡಿ ಇಡಬೇಕು. 3 ಲೀಟರಿನ ಕುಕ್ಕರಿನ ತಳ ಚಿಕ್ಕದು. ಒಂದು ಸಲಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ತುಂಡು. ತುರುಕಿದರೆ ಹುರಿಯುವ ಬದಲು ತಮ್ಮ ನೀರಲ್ಲೇ ಬೇಯುತ್ತವೆ. ಇಟ್ಟ ಕೂಡಲೇ ಸ್ಟೀಲಿಗೆ ಕಚ್ಚಿಕೊಳ್ಳುತ್ತವೆ. ಗಾಬರಿ ಬೇಡ, ಸೌಟಿನಿಂದ ಕೆರೆಯಲೂ ಬೇಡ. ನಾಲ್ಕೈದು ನಿಮಿಷ ಸುಮ್ನೆ ಬಿಟ್ಟರೆ ಚರ್ಮ ಗರಿಯಾಗಿ ತಾನೇ ತಳ ಬಿಡುತ್ತದೆ. ಇಕ್ಕಳದಿಂದ ಎತ್ತಿ ನೋಡಿ: ಹೊಂಬಣ್ಣ ಅಂಚಿನಲ್ಲಿ ಶುರುವಾಗಿ ನಡುವಿಗೆ ಬಂದಿರಬೇಕು. ಇನ್ನೂ ಬೆಳ್ಳಗೆ ಮಚ್ಚೆ ಇದ್ದರೆ ವಾಪಸ್ ಇಡಿ. ಮಾಂಸದ ಕಡೆ ಎರಡು ನಿಮಿಷ ಸಾಕು. ಇದಕ್ಕೇ ಹದಿನೈದು ನಿಮಿಷ ಹೋಗುತ್ತದೆ, ಹೋಗಲಿ ಬಿಡಿ.

ತುಂಡುಗಳನ್ನು ತಟ್ಟೆಗೆ ತೆಗೆದ ಮೇಲೆ ಕುಕ್ಕರಿನಲ್ಲಿ ಕೋಳಿಕೊಬ್ಬು ತೇಲುತ್ತಿರುತ್ತದೆ. ಎರಡು ಚಮಚ ಉಳಿಸಿ ಮಿಕ್ಕಿದ್ದನ್ನು ಬಗ್ಗಿಸುತ್ತೇನೆ. ತಳದಲ್ಲಿ ಅಂಟಿರುವ ಕಂದು ಚಕ್ಕೆಯನ್ನು ಮಾತ್ರ ಯಾವ ಕಾರಣಕ್ಕೂ ತೊಳೆಯಬೇಡಿ.

ಈಗ ಒಂದು ಈರುಳ್ಳಿ, ಒಂದು ಸಣ್ಣ ಕ್ಯಾರೆಟ್, ಒಂದು ಸೆಲರಿ ದಂಟು. ಮೂರನ್ನೂ ಪುಟ್ಟ ಪುಟ್ಟದಾಗಿ ಹೆಚ್ಚಬೇಕು, ಕೋಸಂಬರಿಗೆ ಹೆಚ್ಚುವಷ್ಟು. ಉರಿ ಸಣ್ಣ. ಚಿಟಿಕೆ ಉಪ್ಪು. ನಮ್ಮ ಕೈ ಈರುಳ್ಳಿಯನ್ನು ಕೆಂಪಗೆ ಹುರಿಯಲು ಹೊರಡುತ್ತದೆ, ಅದನ್ನು ತಡೆಯಬೇಕು. ಇಲ್ಲಿ ಬೇಕಾಗಿರುವುದು ಮೆತ್ತಗಾಗಿ, ಹೊಳೆಯುವ, ಸಿಹಿವಾಸನೆಯ ಈರುಳ್ಳಿ. ಎಂಟು ಹತ್ತು ನಿಮಿಷ ಹಿಡಿಯುತ್ತದೆ. ಕೊನೆಗೆ ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಒಂದು ಒಣಮೆಣಸಿನಕಾಯಿ, ಬೆರಳುದ್ದದ ರೋಸ್ಮೆರಿ ಕಡ್ಡಿ, ಒಂದು ಬೇ ಎಲೆ. ರೋಸ್ಮೆರಿ ಜಾಸ್ತಿ ಬೇಡ. ತೆರೆದ ಪಾತ್ರೆಗೆ ಹಾಕುವ ಅರ್ಧದಷ್ಟೇ ಸಾಕು. ಕುಕ್ಕರಿನಲ್ಲಿ ಅದರ ಘಾಟು ಹೊರಗೆ ಹೋಗಲು ದಾರಿ ಇಲ್ಲದೆ ಎಲ್ಲಾ ಸಾಸಿಗೇ ಇಳಿಯುತ್ತದೆ. ಜಾಸ್ತಿಯಾದರೆ ನೋವಿನ ಎಣ್ಣೆಯ ವಾಸನೆ ಬರುತ್ತದೆ.

ಆಮೇಲೆ ವೈನ್. ಅರ್ಧ ಲೋಟಕ್ಕಿಂತ ಸ್ವಲ್ಪ ಜಾಸ್ತಿ, 150 ಎಂಎಲ್. ಇದು ಪಿಯೆಮೊಂತೆ ಸೀಮೆ, ಅಸ್ತಿ ಮತ್ತು ಮೊನ್‌ಫೆರಾತೊ ಕಡೆಯ ಬಾರ್ಬೆರಾ ಅಗ್ಗಕ್ಕೆ ಸಿಗುತ್ತದೆ. ಕೆಂಪು ವೈನು, ಚೆನ್ನಾಗಿ ಹುಳಿ ಇದೆ, ಟೊಮೇಟೊಗೆ ಒಗ್ಗುತ್ತದೆ. ಬಿಳಿ ವೈನ್ ಹಾಕುವವರೂ ಇದ್ದಾರೆ. ಉರಿ ಜೋರು ಮಾಡಿ ವೈನ್ ಸುರಿದು, ಮರದ ಸೌಟಿನಿಂದ ತಳ ಕೆರೆದರೆ ಕಂದು ಚಕ್ಕೆಯೆಲ್ಲಾ ಕರಗಿ ಮೇಲೆ ಬರುತ್ತದೆ. ಇಲ್ಲಿ ಆತುರ ಮಾಡಲೇಬಾರದು. ಒಂದು ಗಂಟೆ ತೆರೆದಿಟ್ಟು ಕುದಿಸುವ ಪಾತ್ರೆಯಲ್ಲಿ ಆಲ್ಕೋಹಾಲ್ ಬಹುಪಾಲು ತಾನಾಗಿ ಹಾರಿಹೋಗುತ್ತದೆ. ಮುಚ್ಚಿದ ಕುಕ್ಕರಿನಲ್ಲಿ ಅದು ಹೋಗುವುದಾದರೂ ಎಲ್ಲಿಗೆ? ಹಸಿ ವೈನಿನ ವಾಸನೆ ಹಾಗೇ ಉಳಿದುಬಿಡುತ್ತದೆ. ಪಾತ್ರೆಯ ಮೇಲೆ ಮುಖ ತಂದು ಉಸಿರೆಳೆದರೆ ಮೂಗಿಗೆ ಚುರ್ ಅನ್ನಬಾರದು. ಅಲ್ಲಿಯವರೆಗೆ ಕುದಿಸಿ. ವೈನ್ ಅರ್ಧಕ್ಕಿಂತ ಕಮ್ಮಿ ಆಗಿರುತ್ತದೆ.

ತಟ್ಟೆಯಲ್ಲಿದ್ದ ಕೋಳಿಯನ್ನು, ಅದು ಬಿಟ್ಟ ರಸದ ಸಮೇತ ಒಳಗೆ ಜೋಡಿಸಿ. ಸಿಪ್ಪೆ ಸುಲಿದ ಇಡೀ ಟೊಮೇಟೊದ 400 ಗ್ರಾಂ ಡಬ್ಬಿ ಒಂದನ್ನು ಬಟ್ಟಲಿಗೆ ಸುರಿದು ಕೈಯಲ್ಲೇ ಹಿಸುಕಿ ಮೇಲಿಂದ ಹಾಕಿ. ಡಬ್ಬಿಗೆ ಕಾಲುಭಾಗ ನೀರು ಹಾಕಿ ಕುಲುಕಿ ಅದನ್ನೂ ಹಾಕಿ. ಅಷ್ಟೇ ನೀರು. ಕೋಳಿಯೇ ಇನ್ನಷ್ಟು ಬಿಡುತ್ತದೆ. ಮೇಲೆ ಸುರಿದ ಟೊಮೇಟೊವನ್ನು ಕಲಕಬೇಡಿ. ಟೊಮೇಟೊ ತಿರುಳು ತಳಕ್ಕೆ ಕೂತರೆ ಸೀದು ಹಿಡಿಯುತ್ತದೆ. ತೆಳ್ಳಗಿನ ರಸ ಕೆಳಗೆ, ಕೋಳಿ ನಡುವೆ, ತಿರುಳು ಮೇಲೆ ಇದ್ದರೆ ಆವಿ ಸರಾಗವಾಗಿ ಏಳುತ್ತದೆ. ಬಾಟಲಿಯಲ್ಲಿ ಬರುವ ಗಟ್ಟಿ ಟೊಮೇಟೊ ರಸ ನಾನು ಬಳಸದೇ ಇರುವುದೂ ಇದೇ ಕಾರಣಕ್ಕೆ. ಕುಕ್ಕರ್ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ತುಂಬಿರಬಾರದು. ಒಂದು ಕೆಜಿ ಕೋಳಿಗೆ 3 ಲೀಟರ್ ಸರಿಯಾಗಿ ಆಗುತ್ತದೆ, ಅದಕ್ಕಿಂತ ಹೆಚ್ಚು ಮಾಡುವುದಿದ್ದರೆ 5 ಲೀಟರಿನದು ತೆಗೆದುಕೊಳ್ಳಿ.

ಇನ್ನು ವಿಷಲ್ ಲೆಕ್ಕ. ಇಟಲಿಯ ಮನೆಗಳಲ್ಲೂ ಪ್ರೆಷರ್ ಕುಕ್ಕರ್ ಹಳೆಯ ಸಾಮಾನೇ. ಇದೇ ಪಿಯೆಮೊಂತೆಯ ಒಮೆಗ್ನಾ ಅನ್ನುವ ಊರಿನ ಲಗೊಸ್ತೀನಾ ಕಂಪನಿಯ ಕುಕ್ಕರ್ ಇಲ್ಲಿ ಮನೆಮಾತು. ಆದರೆ ಅವು ನಮ್ಮವುಗಳ ಹಾಗೆ ಕೂಗಿ, ನಿಲ್ಲಿಸಿ, ಮತ್ತೆ ಕೂಗುವುದಿಲ್ಲ. ಒತ್ತಡ ಬಂದ ಮೇಲೆ ಸುಯ್ ಅಂತ ಒಂದೇ ಸಮ ಉಸಿರು ಬಿಡುತ್ತವೆ. ಆಗ ಉರಿ ಇಳಿಸಿ ಅಲ್ಲಿಂದ ನಿಮಿಷ ಎಣಿಸುತ್ತಾರೆ. ಇಲ್ಲಿನ ರೆಸಿಪಿಗಳಲ್ಲಿ ಸೀಟಿ ಹೊಡೆದ ಮೇಲೆ 15 ನಿಮಿಷ, 20 ನಿಮಿಷ ಅಂತ ಬರೆದಿರುವುದು ಈ ಲೆಕ್ಕದಲ್ಲಿ. ನಾನು ನಮ್ಮ ಕುಕ್ಕರಿನಲ್ಲೂ ಹಾಗೇ ಮಾಡುತ್ತೇನೆ. ಮಧ್ಯಮ ಉರಿಯಲ್ಲಿ ಒಂದು ವಿಷಲ್. ಕೂಡಲೇ ಚಿಕ್ಕ ಒಲೆಗೆ ಬದಲಿಸಿ, ಅತಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಎರಡನೇ ವಿಷಲ್ ಬಾರದಿದ್ದರೆ ಸಂತೋಷ. ವಿಷಲ್ ಎಣಿಸಿದರೆ ಪ್ರತಿ ಕೂಗಿಗೂ ಸಾಸಿನ ಪರಿಮಳ ಹೊರಗೆ ಹೋಗುತ್ತದೆ, ಜೊತೆಗೆ ಟೊಮೇಟೊ ರಸ ಮುಚ್ಚಳದ ಮೇಲೆಲ್ಲಾ ಸಿಡಿಯುತ್ತದೆ. ಕೆಳಗಿನ ಮನೆಯ ಅಜ್ಜಿಗಂತೂ ನಮ್ಮ ವಿಷಲ್ ಸದ್ದು ಇವತ್ತಿಗೂ ಅಪಾಯದ ಸೂಚನೆಯೇ. ಮೆಟ್ಟಿಲಲ್ಲಿ ಸಿಕ್ಕಾಗ ಎಲ್ಲಾ ಸರಿ ಇದೆಯಾ ಅಂತ ಕೇಳುತ್ತಾರೆ.

ಒಲೆ ಆರಿಸಿ, ಒತ್ತಡ ತಾನಾಗಿ ಇಳಿಯುವವರೆಗೆ ಕಾಯಬೇಕು. ವೆಯ್ಟ್ ಎತ್ತಿ ಆವಿ ಬಿಟ್ಟರೆ ಒಳಗಿರುವುದೆಲ್ಲಾ ಒಮ್ಮೆಲೇ ಬುಸುಗುಟ್ಟಿ ಕುದಿಯುತ್ತದೆ. ಮೆತ್ತಗಾದ ಚರ್ಮ ಹರಿದು ಮೂಳೆ ಬಿಟ್ಟುಹೋಗುತ್ತದೆ.

ಮುಚ್ಚಳ ತೆಗೆದಾಗ ಕಾಣುವುದು ಅಂಥಾ ಚಂದದ್ದೇನಲ್ಲ. ತೆಳ್ಳಗಿನ, ಕಿತ್ತಳೆ ಬಣ್ಣದ ನೀರಿನಲ್ಲಿ ಕೋಳಿ ತೇಲುತ್ತಿರುತ್ತದೆ. ತುಂಡುಗಳನ್ನು ಹುಷಾರಾಗಿ ಹೊರಗೆ ತೆಗೆದು, ರೋಸ್ಮೆರಿ ಕಡ್ಡಿ, ಬೇ ಎಲೆ ಬಿಸಾಕಿ, ಉರಿ ಪೂರ್ತಿ ಜೋರು ಮಾಡಿ. ಎಂಟು ಹತ್ತು ನಿಮಿಷ ದೊಡ್ಡ ಗುಳ್ಳೆ ಬರುವ ಹಾಗೆ ಕುದಿಯಲಿ, ಆಗಾಗ ಕಲಕಿ. ಬಣ್ಣ ಕಿತ್ತಳೆಯಿಂದ ಇಟ್ಟಿಗೆಗೆ ತಿರುಗುತ್ತದೆ. ಅಂಚಿನಲ್ಲಿ ಎಣ್ಣೆ ಬಿಡುತ್ತದೆ. ಸೌಟಿನಿಂದ ತಳದಲ್ಲಿ ಗೆರೆ ಎಳೆದರೆ ಒಂದು ಕ್ಷಣ ತಳ ಕಾಣಬೇಕು. ಗೊಜ್ಜಿನ ಹದ ಗೊತ್ತಿರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಆಲಿವ್ ಹಾಕುವುದು ಆಗ. ಪಕ್ಕದ ಲಿಗೂರಿಯಾದಿಂದ ಬರುವ ತಜ್ಜಾಸ್ಕಾ ಅನ್ನುವ ಪುಟ್ಟ ಕಂದು ಆಲಿವ್ ಒಂದು ಹಿಡಿ. ಮೊದಲೇ ಹಾಕಿ ಕುಕ್ಕರಿನಲ್ಲಿ ಬೇಯಿಸಿದರೆ ಉಪ್ಪೆಲ್ಲಾ ಸಾಸಿಗೆ ಹೋಗಿ ಆಲಿವ್ ಪಿಚ್ಚಗಾಗುತ್ತದೆ. ಉಪ್ಪು ನೋಡುವುದು ಆಲಿವ್ ಬಿದ್ದ ಮೇಲೇ. ಕೋಳಿ ವಾಪಸ್ ಹಾಕಿ ಐದು ನಿಮಿಷ, ಸಾಸನ್ನು ಮೇಲೆ ಮೇಲೆ ಸುರಿಯುತ್ತಾ. ಗರಿಗರಿ ಚರ್ಮ ಬೇಕಾದವರು ತುಂಡುಗಳನ್ನು ಓವನ್ನಿನ ಗ್ರಿಲ್ ಕೆಳಗೆ ಐದು ನಿಮಿಷ ಇಡಬಹುದು. ನಾನು ಇಡುವುದಿಲ್ಲ, ಸಾಸು ಹೀರಿಕೊಂಡ ಮೆತ್ತಗಿನ ಚರ್ಮವೇ ನನಗಿಷ್ಟ.

ಗರಂ ಮಸಾಲೆ ಚಿಟಿಕೆ, ಕೊನೆಗೆ ಕೊತ್ತಂಬರಿ ಸೊಪ್ಪು ಅಂತ ಮನೆಗೆ ಬರುವ ಕನ್ನಡದ ಗೆಳೆಯರು ಸಲಹೆ ಕೊಡುತ್ತಲೇ ಇರುತ್ತಾರೆ. ಹಾಕಿ, ಬೇಡ ಅನ್ನುವುದಿಲ್ಲ. ಆಗ ಅದು ಒಳ್ಳೆಯ ಕೋಳಿ ಗೊಜ್ಜಾಗುತ್ತದೆ, ಕಚ್ಚಾತೋರಾ ಆಗುವುದಿಲ್ಲ. ಖಾರಕ್ಕೆ ಆ ಒಂದು ಒಣಮೆಣಸಿನಕಾಯಿ ಇದೆಯಲ್ಲ.

ಬೆಂಗಳೂರಿನಲ್ಲಿ ತಂಗಿ ಮಾಡುವಾಗ ಕೆಲವು ಬದಲಾವಣೆ ಬೇಕಾಗುತ್ತದೆ. ಅಂಗಡಿಯಲ್ಲಿ ಚರ್ಮ ಸುಲಿದೇ ಕೊಡುತ್ತಾರೆ, ಮೊದಲೇ ಹೇಳಿ ಉಳಿಸಿಕೊಳ್ಳಬೇಕು. ಬ್ರಾಯ್ಲರ್ ಎಳೆಯ ಕೋಳಿ, ಏಳು ನಿಮಿಷಕ್ಕೆ ಬೇಯುತ್ತದೆ. ನಾಟಿಕೋಳಿಯಾದರೆ ಇಪ್ಪತ್ತೈದು ನಿಮಿಷವಾದರೂ ಬೇಕು. ಅದರ ರುಚಿಯೇ ಬೇರೆ, ಇಲ್ಲಿ ಹಳ್ಳಿಗಳಲ್ಲಿ ಹಿತ್ತಲ ಕೋಳಿಯಿಂದ ಮಾಡುವುದಕ್ಕೆ ಅದೇ ಹತ್ತಿರ. ಕೋಲಾರದ ದಪ್ಪ ಸಿಪ್ಪೆಯ ಟೊಮೇಟೊ ಅರ್ಧ ಕೆಜಿ, ಚೆನ್ನಾಗಿ ಹಣ್ಣಾಗಿರಬೇಕು. ಬಿಸಿನೀರಿಗೆ ಹಾಕಿ ಸಿಪ್ಪೆ ತೆಗೆದು ಹಿಸುಕಿದರೆ ಡಬ್ಬಿ ಟೊಮೇಟೊ ಕೆಲಸ ಅದೇ ಮಾಡುತ್ತದೆ. ವೈನ್ ನಂದಿಬೆಟ್ಟದ ಕಡೆಯದೇ ಸಿಗುತ್ತದೆ. ವೈನ್ ಬೇಡ ಅನ್ನುವವರು ಒಂದು ದೊಡ್ಡ ಚಮಚ ವಿನೆಗರ್, ಅದಕ್ಕೆ ಮೂರು ಪಟ್ಟು ನೀರು, ಕಾಲು ಚಮಚ ಸಕ್ಕರೆ ಬೆರೆಸಿ ಹಾಕಬಹುದು. ಬಿರಿಯಾನಿಗೆ ಹಾಕುವ ಪಲಾವ್ ಎಲೆ ಮಾತ್ರ ಬೇಡ. ಅದು ಚಕ್ಕೆ ಜಾತಿಯ ಗಿಡದ್ದು, ಬಾಯಿಗೆ ಚಕ್ಕೆಯ ರುಚಿಯೇ ಬರುತ್ತದೆ. ಎಲೆ ಇಲ್ಲದಿದ್ದರೂ ನಡೆಯುತ್ತದೆ. ಪಿಜ್ಜಾ ಮೇಲೆ ಉಂಗುರದ ಹಾಗೆ ಕೂರುವ ಡಬ್ಬಿಯ ಕರಿ ಆಲಿವಿಗೆ ರುಚಿಯೇ ಇಲ್ಲ, ಅದರ ಬದಲು ಬೀಜ ಇರುವ ಹಸಿರು ಆಲಿವ್ ತನ್ನಿ. ಅಲ್ಯೂಮಿನಿಯಂ ಕುಕ್ಕರ್ ಆದರೆ ಟೊಮೇಟೊ ಹುಳಿಗೆ ಸಾಸಿನಲ್ಲಿ ಲೋಹದ ರುಚಿ ಇಳಿಯುತ್ತದೆ, ಸ್ಟೀಲ್ ಅಥವಾ ಹಾರ್ಡ್ ಅನೊಡೈಸ್ಡ್ ಇದ್ದರೆ ತೊಂದರೆಯಿಲ್ಲ.

ಜೊತೆಗೆ ಇಲ್ಲಿ ಪೊಲೆಂತಾ ಮಾಡುತ್ತಾರೆ, ಮೆಕ್ಕೆಜೋಳದ ರವೆಯನ್ನು ನೀರಿನಲ್ಲಿ ತಿರುವಿ ತಿರುವಿ ಬೇಯಿಸಿದ್ದು. ತಿರುವುವ ಕೋಲಿನಿಂದ ಹಿಡಿದು ತೋಳು ನೋವಿನವರೆಗೆ ನಮ್ಮ ಮುದ್ದೆಯ ಹಾಗೇ. ರಾಗಿಮುದ್ದೆ ಜೊತೆಗೂ ತಿಂದು ನೋಡಿದ್ದೇನೆ, ಅಡ್ಡಿಯಿಲ್ಲ. ಆಗ ಸಾಸನ್ನು ಅಷ್ಟು ಗಟ್ಟಿ ಮಾಡಬೇಡಿ, ಮುದ್ದೆ ಅದ್ದಲು ಸ್ವಲ್ಪ ತೆಳ್ಳಗೆ ಬೇಕು. ಬ್ರೆಡ್ ಆದರೆ ಹೊರಗೆ ಗಟ್ಟಿ ಇರುವಂಥದ್ದು ತನ್ನಿ, ಮೆತ್ತಗಿನ ಸ್ಯಾಂಡ್‌ವಿಚ್ ಬ್ರೆಡ್ ಸಾಸಿನಲ್ಲಿ ಕರಗಿಹೋಗುತ್ತದೆ.

ಮಾರನೇ ದಿನಕ್ಕೆ ಇನ್ನೂ ಚೆನ್ನಾಗಿರುತ್ತದೆ. ಫ್ರಿಜ್ಜಿನಲ್ಲಿ ಸಾಸು ಜೆಲ್ಲಿಯ ಹಾಗೆ ಹೆಪ್ಪುಗಟ್ಟಿರುತ್ತದೆ, ಅದು ಮೂಳೆ, ಚರ್ಮದಿಂದ ಇಳಿದ ಅಂಟು. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಸಾಕು, ನೀರು ಹಾಕಬೇಡಿ. ಕೋಳಿ ಮುಗಿದು ಬರೀ ಸಾಸು ಉಳಿದಿದ್ದರೆ, ಮೂಳೆಗೆ ಅಂಟಿದ ಚೂರುಪಾರು ಬಿಡಿಸಿ ಸೇರಿಸಿ, ಆಗ ಪಾಸ್ತಾ ಬೇಯಿಸಿಕೊಳ್ಳಿ.