ಹೋರಾಟವನ್ನೂ ಮಾಡಿ, ಸುದ್ದಿಯನ್ನೂ ಬರೆಯುವುದು: ಕೊಡಗಿನಿಂದ ನನ್ನ ಅನುಭವ

ಊರಿನ ಹೋರಾಟದ ಬಗ್ಗೆ ಸ್ವಂತ ಬ್ಲಾಗ್‌ನಲ್ಲೋ ಫೇಸ್‌ಬುಕ್ ಪೇಜಿನಲ್ಲೋ ಬರೆಯುವ ಎಲ್ಲರಿಗೂ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ: ನೀವು ಪತ್ರಕರ್ತರಾ, ಹೋರಾಟಗಾರರಾ? ನನಗಂತೂ ಇದು ಜಾಸ್ತಿ ಬಂದಿದ್ದು ಪತ್ರಿಕೆ, ಟಿವಿಯವರಿಂದಲೇ. ನನ್ನ ಉತ್ತರ ಇಷ್ಟೇ. ಗುಡ್ಡ ಅಗೆಯಬೇಡಿ ಅಂತ ತಹಶೀಲ್ದಾರರಿಗೆ ಮನವಿ ಕೊಡಲು ಹೋಗುವವರಲ್ಲಿ ನಾನೂ ಒಬ್ಬ. ಅದೇ ಗುಡ್ಡದ ಬಗ್ಗೆ ಬರೆಯುವವನೂ ನಾನೇ. ಎರಡನ್ನೂ ಪೇಜಿನ ತಲೆಬರಹದಲ್ಲೇ ಹಾಕಿಕೊಂಡಿದ್ದೇನೆ. ಬರೆದದ್ದರಲ್ಲಿ ಸುಳ್ಳಿದ್ದರೆ ತೋರಿಸಿ, ಅದನ್ನು ಬಿಟ್ಟು ನಾನು ಯಾರು ಅನ್ನೋದನ್ನೇ ಹಿಡ್ಕೊಂಡು ಕೂತರೆ ಗುಡ್ಡದ ವಿಷಯ ಮಾತಾಡೋದು ಯಾವಾಗ?

ಕೊಡಗಿನಲ್ಲಿ ಈ ಪ್ರಶ್ನೆಯೇ ಸ್ವಲ್ಪ ವಿಚಿತ್ರ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ 'ಕೊಡಗು' ಪತ್ರಿಕೆ ನಡೆಸಿದ ಪಂದ್ಯಂಡ ಬೆಳ್ಯಪ್ಪನವರು ಸಂಪಾದಕರೂ ಹೌದು, ಹೋರಾಟಗಾರರೂ ಹೌದು. 1934ರಲ್ಲಿ ಕೊಡಗಿಗೆ ಬಂದ ಗಾಂಧೀಜಿಯೇ 'ಹರಿಜನ' ಪತ್ರಿಕೆಗೆ ಬರೆಯುತ್ತಿದ್ದರು, ಅಸ್ಪೃಶ್ಯತೆ ವಿರುದ್ಧ ಊರೂರು ತಿರುಗುತ್ತಲೂ ಇದ್ದರು. ಆಗ ಯಾರೂ ಅವರನ್ನು ಒಂದನ್ನು ಬಿಡಿ ಅನ್ನಲಿಲ್ಲ.

ನಾನು ಬರೆಯಲು ಶುರುಮಾಡಿದ್ದು 2018ರ ಆಗಸ್ಟ್ ಮಳೆಯ ನಂತರ. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳು ಜಾರಿ ಬಂದವು. ಬೆಂಗಳೂರಿನಿಂದ ಟಿವಿ ವ್ಯಾನ್‌ಗಳು ಬಂದವು. ಬಂದದ್ದು ಒಳ್ಳೆಯದೇ ಆಯಿತು, ಅದಕ್ಕೇ ರಾಜ್ಯವೆಲ್ಲಾ ನೆರವಿಗೆ ನಿಂತಿತು, ಅದನ್ನು ನಾನು ಯಾವತ್ತೂ ಮರೆಯುವುದಿಲ್ಲ. ಆದರೆ ಹೆಚ್ಚು ಕುಸಿತ ಆಗಿದ್ದು ಮಡಿಕೇರಿ, ಸೋಮವಾರಪೇಟೆ ತಾಲೂಕುಗಳಲ್ಲಿ. ಟಿವಿಯಲ್ಲಿ ಮಾತ್ರ ಇಡೀ ಕೊಡಗೇ ಮುಳುಗಿಹೋಗಿದೆ ಅನ್ನುವ ಹಾಗೆ ಓಡುತ್ತಿತ್ತು. ಪರಿಹಾರ ಕೇಂದ್ರದಲ್ಲಿ ಅಳುವವರ ಮುಖಕ್ಕೆ ಮೈಕ್ ಹಿಡಿದರು. ಆಮೇಲೆ ಮಳೆ ನಿಂತಿತು, ವ್ಯಾನ್‌ಗಳು ಹೋದವು. ಮನೆ ಕಳೆದುಕೊಂಡವರಿಗೆ ಮನೆ ಯಾವಾಗ, ತೋಟವೇ ಜಾರಿಹೋದವನ ಪಹಣಿಗೆ ಏನು ಬೆಲೆ, ಮಣ್ಣು ತುಂಬಿದ ಗದ್ದೆಗೆ ಯಾರು ಜವಾಬ್ದಾರಿ? ಇದನ್ನೆಲ್ಲ ಕೇಳುವವರು ಕಮ್ಮಿ ಆದರು. ನನಗೆ ಬರೆಯಲು ಜಾಗ ಸಿಕ್ಕಿದ್ದು ಅಲ್ಲಿ.

ಮಳೆಯೊಂದೇ ಕಾರಣ ಅಲ್ಲ ಅಂತ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರೂ ಹೇಳಿದ್ದರು. ರಸ್ತೆಗೆ, ಮನೆಗೆ, ಕಟ್ಟಡಕ್ಕೆ ಅಂತ ಇಳಿಜಾರನ್ನು ನೆಟ್ಟಗೆ ಕಡಿದು ಬಿಟ್ಟರೆ ಮೇಲಿನ ಮಣ್ಣಿಗೆ ಆಸರೆ ಇರುವುದಿಲ್ಲ, ನೀರು ಹೋಗುವ ದಾರಿಯೂ ಮುಚ್ಚಿಹೋಗುತ್ತದೆ. ಇದು ತೋಟದಲ್ಲಿ ಕೆಲಸ ಮಾಡುವ ಯಾರಿಗೂ ಗೊತ್ತಿರುವ ವಿಷಯ. ಆದರೆ ಯಾವ ಗುಡ್ಡ, ಯಾರ ಸರ್ವೆ ನಂಬರ್, ಯಾವ ಅನುಮತಿ ಅಂತ ಹೇಳಬೇಕಾದರೆ ಕಾಗದ ಬೇಕು.

ಕಾಗದ ತೆಗೆಯುವ ಕೆಲಸವನ್ನು ನಾನು ಹೀಗೆ ಮಾಡುತ್ತೇನೆ. ಮೊದಲು ಜಾಗಕ್ಕೆ ಹೋಗಿ, ಸಾರ್ವಜನಿಕ ರಸ್ತೆಯಲ್ಲಿ ನಿಂತು ಫೋಟೋ. ಫೋನಿನಲ್ಲಿ ಲೊಕೇಶನ್ ಆನ್ ಇರಬೇಕು. ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಗೊತ್ತಾಗುತ್ತದೆ. ಅದನ್ನು ಹಿಡಿದು ಪಹಣಿ ನೋಡುವುದು. ಆಮೇಲೆ ಗೂಗಲ್ ಅರ್ತ್‌ನಲ್ಲಿ ಹಳೆಯ ವರ್ಷಗಳ ಚಿತ್ರ ತೆಗೆದು, ಆ ಇಳಿಜಾರಿನಲ್ಲಿ ಮರ ಇತ್ತಾ, ಕಾಫಿ ಇತ್ತಾ, ಯಾವ ವರ್ಷ ಕೆಂಪು ಮಣ್ಣು ಕಂಡಿತು ಅಂತ ಹೋಲಿಸುವುದು. ಕೊನೆಗೆ ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ, 10 ರೂಪಾಯಿ ಶುಲ್ಕ. ಹಾಗಾಗಿ ನಾನು ಸುತ್ತಿ ಬಳಸಿ ಬರೆಯುವುದಿಲ್ಲ: ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಭೂಪರಿವರ್ತನೆ ಆದೇಶದ ದೃಢೀಕೃತ ಪ್ರತಿ, ಜೊತೆಗಿರುವ ನಕ್ಷೆ, ಅಷ್ಟೇ. 'ಯಾಕೆ ಕೊಟ್ಟಿರಿ' ಅಂತ ಕೇಳಿದರೆ ಉತ್ತರ ಬರುವುದಿಲ್ಲ, ಯಾಕಂದ್ರೆ ಆ ಕಾಯ್ದೆಯಲ್ಲಿ ಸಿಗುವುದು ಕಡತದಲ್ಲಿ ಇರುವ ಕಾಗದ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮೊದಲ ಮೇಲ್ಮನವಿ. ಕಾಯುವ ತಾಳ್ಮೆ ಬೇಕು. ದಿನಪತ್ರಿಕೆಯವರಿಗೆ ಇಷ್ಟು ಕಾಯುವುದು ಕಷ್ಟ, ಅವರ ಪುಟ ಪ್ರತಿ ರಾತ್ರಿ ತುಂಬಲೇಬೇಕು.

ಹೀಗೆ ತೆಗೆದ ಒಂದು ಕಾಗದದಿಂದಲೇ ಜಗಳ ಶುರುವಾಯಿತು. ನಮ್ಮ ಊರಿನ ಹತ್ತಿರ ಒಂದು ರೆಸಾರ್ಟಿಗೆ ಹಿಟಾಚಿ ಇಟ್ಟು ಗುಡ್ಡ ಕಡಿಯುತ್ತಿದ್ದರು. ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ಜಿಲ್ಲಾಧಿಕಾರಿಯ ಅನುಮತಿ ಬೇಕು. ಆದೇಶದ ಪ್ರತಿ ನನ್ನ ಕೈಗೆ ಬಂತು. ಅನುಮತಿ ಇದ್ದದ್ದು ಜಮೀನಿನ ಒಂದು ಮೂಲೆಗೆ ಮಾತ್ರ, ರಸ್ತೆ ಪಕ್ಕದ ಸಮತಟ್ಟು ಜಾಗಕ್ಕೆ. ಕಡಿಯುತ್ತಿದ್ದದ್ದು ಅದರ ಮೇಲಿನ ಬರೆಯನ್ನು, ಅಂದರೆ ಕಡಿದಾದ ಇಳಿಜಾರನ್ನು. ನಕ್ಷೆ ಮತ್ತು ಫೋಟೋ ಅಕ್ಕಪಕ್ಕ ಇಟ್ಟರೆ ಶಾಲೆ ಮಗುವಿಗೂ ಗೊತ್ತಾಗುತ್ತಿತ್ತು. ಆದೇಶ, ನಕ್ಷೆ, ಫೋಟೋ ಮೂರನ್ನೂ ಬ್ಲಾಗಿನಲ್ಲಿ ಹಾಕಿದೆ.

ಸ್ವಲ್ಪ ದಿನದಲ್ಲೇ ಒಂದು ರಾಜ್ಯಮಟ್ಟದ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಅದು ಸುದ್ದಿಯಾಗಿ ಬಂತು. ಫೋಟೋ ನನ್ನದೇ, ಕೆಳಗಿದ್ದ ಹೆಸರನ್ನು ಕತ್ತರಿಸಿದ್ದರು. ಅದಕ್ಕಿಂತ ನೋವಾದದ್ದು ಒಳಗಿನ ಒಂದು ಸಾಲು: 'ಅನುಮತಿ ಮೀರಿ ಗುಡ್ಡ ಅಗೆಯಲಾಗುತ್ತಿದೆ ಎಂದು ಸ್ಥಳೀಯರು ಆರೋಪಿಸಿದ್ದಾರೆ.' ಅದರ ಕೆಳಗೆ ಮಾಲೀಕರ ಮಾತು, ಎಲ್ಲ ಅನುಮತಿ ಇದೆ ಅಂತ. ಆದೇಶದ ಪ್ರತಿ ಇದೆ ಅನ್ನುವ ಮಾತೇ ಇಲ್ಲ. ಸರ್ಕಾರದ ಸೀಲು ಇರುವ ಕಾಗದ ಒಂದೇ ರಾತ್ರಿಯಲ್ಲಿ ಆರೋಪ ಆಗಿಹೋಯಿತು! ಓದಿದವರಿಗೆ ಇವರೊಂದು ಹೇಳ್ತಾರೆ, ಅವರೊಂದು ಹೇಳ್ತಾರೆ ಅನ್ನಿಸಿದ್ದರೆ ಅವರ ತಪ್ಪಲ್ಲ.

ಹೆಸರಿಗಾಗಿ ಬ್ಲಾಗರ್‌ಗಳು ಜಗಳ ಆಡುತ್ತಾರೆ ಅಂತ ಪತ್ರಿಕೆಯವರು ಹೇಳುವುದುಂಟು. ನನಗೆ ನನ್ನ ಹೆಸರು ಪೇಪರಿನಲ್ಲಿ ಬರಬೇಕು ಅಂತೇನಿಲ್ಲ. ಆದರೆ ಮೂಲ ಯಾವುದು ಅಂತ ಹಾಕದಿದ್ದರೆ ಓದುಗರಿಗೆ ಆ ಕಾಗದದ ಹತ್ತಿರ ಹೋಗುವ ದಾರಿಯೇ ಇರುವುದಿಲ್ಲ. ಹೋರಾಟದಲ್ಲಿ ನಮ್ಮ ಹತ್ತಿರ ಹಣ ಇಲ್ಲ, ಅಧಿಕಾರ ಇಲ್ಲ, ಇರುವುದು ಆ ಕಾಗದ ಒಂದೇ. ಅದನ್ನೇ ಸುದ್ದಿಯಿಂದ ತೆಗೆದುಬಿಟ್ಟರೆ ಉಳಿಯುವುದು ಬರೀ ಗಲಾಟೆ.

ಪೇಜಿನಲ್ಲಿ ಪತ್ರಿಕೆಯನ್ನು ಬೈದು ಬರೆಯಿರಿ ಅಂತ ಸ್ನೇಹಿತರು ಹೇಳಿದರು. ಬೇಡ ಅನ್ನಿಸಿತು. ಸಂಪಾದಕರಿಗೆ ಒಂದು ಪುಟದ ಪತ್ರ ಬರೆದೆ. ಯಾವ ದಿನಾಂಕ, ಯಾವ ಪುಟ, ಯಾವ ಸಾಲು, ಅದಕ್ಕೆ ಆದೇಶದಲ್ಲಿ ಏನಿದೆ. ಪ್ರತಿ ಲಗತ್ತಿಸಿದೆ. ಕ್ಷಮೆ ಕೇಳಿರಲಿಲ್ಲ, ದಾಖಲೆ ಇದೆ ಅಂತ ಒಂದು ಸಾಲು ಹಾಕಿ ಅಂದಿದ್ದೆ. ಫೋಟೋ ತೆಗೆದವನಿಗೇ ಅದರ ಹಕ್ಕು, ಯಾವ ನೋಂದಣಿಯೂ ಬೇಕಾಗಿಲ್ಲ ಅಂತ 1957ರ ಕಾಪಿರೈಟ್ ಕಾಯ್ದೆಯನ್ನೂ ನೆನಪಿಸಿದ್ದೆ. ಸಣ್ಣ ಅಕ್ಷರದಲ್ಲಿ ಆ ಸಾಲು ಬಂತು. ಅದನ್ನು ನೋಡಿ ಪಂಚಾಯಿತಿಯ ಇಬ್ಬರು ಸದಸ್ಯರು ಆದೇಶದ ಪ್ರತಿ ಕೇಳಿ ತೆಗೆದುಕೊಂಡು ಹೋದರು. ಗ್ರಾಮಸಭೆಯಲ್ಲಿ ಅದನ್ನು ಓದಿಸಿದರು. ಬೈದು ಬರೆದಿದ್ದರೆ ಇದು ಆಗುತ್ತಿರಲಿಲ್ಲ.

ಆ ಸುದ್ದಿ ಕಳಿಸಿದ ವರದಿಗಾರನನ್ನೂ ಆಮೇಲೆ ಭೇಟಿಯಾದೆ. ನನಗಿಂತ ಚಿಕ್ಕವನು. ಅವನು ಹೇಳಿದ್ದು ನನ್ನ ಕಣ್ಣು ತೆರೆಸಿತು. "ಅಣ್ಣ, ನಾನು ದಾಖಲೆ ಇದೆ ಅಂತಲೇ ಕಳಿಸಿದ್ದೆ. ಕಚೇರಿಯಲ್ಲಿ ಸುದ್ದಿ ತಿದ್ದುವ ಡೆಸ್ಕಿನಲ್ಲಿ ಆರೋಪ ಅಂತ ಮಾಡಿದ್ರು. ಕೇಸ್ ಬಿದ್ದರೆ ಅಂತ ಭಯ ಅವರಿಗೆ. ದಸರಾ ಪುರವಣಿಗೆ ಅದೇ ರೆಸಾರ್ಟಿಂದ ಜಾಹೀರಾತು ತರಬೇಕಾದವನೂ ನಾನೇ." ತಾಲೂಕು ಮಟ್ಟದಲ್ಲಿ ಸುದ್ದಿ ಕಳಿಸುವ ಎಷ್ಟೋ ಹುಡುಗರಿಗೆ ಸರಿಯಾದ ಸಂಬಳ ಇಲ್ಲ. ಬೆಳಗ್ಗೆ ಸುದ್ದಿ, ಸಂಜೆ ಜಾಹೀರಾತು. ನಮ್ಮ ಸಿಟ್ಟೆಲ್ಲಾ ಅವರ ಮೇಲೆ ತೀರಿಸುವುದು ಸುಲಭ, ಯಾಕಂದ್ರೆ ಪೇಟೆಯಲ್ಲಿ ಸಿಗುವವರು ಅವರು. ತೀರ್ಮಾನ ಮಾಡುವವರು ಬೇರೆ ಊರಿನಲ್ಲಿ ಕೂತಿರುತ್ತಾರೆ. ಇದನ್ನು ಹೋರಾಟದಲ್ಲಿ ಇರುವವರು ಅರ್ಥ ಮಾಡಿಕೊಳ್ಳಲೇಬೇಕು.

ಅಲ್ಲಿಂದ ನಾನು ಒಂದು ಕ್ರಮ ಹಾಕಿಕೊಂಡೆ. ದಾಖಲೆ ಯಾರು ಕೇಳಿದರೂ ಕೊಡುತ್ತೇನೆ, ಎಲ್ಲರಿಗೂ ಒಟ್ಟಿಗೆ ಕೊಡುತ್ತೇನೆ, ಒಬ್ಬರಿಗೆ ಮೊದಲು ಅಂತಿಲ್ಲ. ಷರತ್ತು ಒಂದೇ, ದಾಖಲೆ ಎಲ್ಲಿದೆ ಅಂತ ಸುದ್ದಿಯಲ್ಲಿ ಹೇಳಬೇಕು. ಡೆಸ್ಕಿನವರ ಭಯ ಕಮ್ಮಿ ಆಗಲಿ ಅಂತ ಆದೇಶದ ಸಂಖ್ಯೆ, ದಿನಾಂಕ, ಅರ್ಜಿಗೆ ಬಂದ ಉತ್ತರದ ಮೊದಲ ಪುಟ ಎಲ್ಲವನ್ನೂ ಜೊತೆಗೇ ಕಳಿಸುತ್ತೇನೆ. ಎದುರು ಪಕ್ಷದವರನ್ನು ನಾನೇ ಮೊದಲು ಕೇಳಿ, ಅವರು ಹೇಳಿದ್ದನ್ನು ಪೂರ್ತಿ ಹಾಕುತ್ತೇನೆ. ಉತ್ತರ ಕೊಡದಿದ್ದರೆ ಯಾವತ್ತು, ಹೇಗೆ ಕೇಳಿದೆ ಅಂತ ಬರೆಯುತ್ತೇನೆ. ಹೋರಾಟ ಮಾಡುವವನಿಗೆ ಈ ಶಿಸ್ತು ಪತ್ರಕರ್ತರಿಗಿಂತ ಒಂದು ಕೈ ಜಾಸ್ತಿಯೇ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜನ ಮೊದಲೇ ನಮ್ಮನ್ನು ಒಂದು ಕಡೆಯವರು ಅಂತ ನೋಡುತ್ತಾರೆ. ಹೌದು, ನಾವು ಒಂದು ಕಡೆಯವರೇ. ಹಾಗಿದ್ದೂ ಹೇಳಿದ್ದು ಸರಿ ಅಂತ ತೋರಿಸಬೇಕು.

ಕಾನೂನಿನ ಕಡೆಯಿಂದ ನಮ್ಮಂಥವರಿಗೆ ಆಸರೆ ಕಮ್ಮಿ. ವಾರ್ತಾ ಇಲಾಖೆಯ ಮಾನ್ಯತಾ ಪತ್ರ ನನ್ನ ಹತ್ತಿರ ಇಲ್ಲ, ಪತ್ರಿಕಾಗೋಷ್ಠಿಗೆ ಕರೆಯುವುದಿಲ್ಲ. ಪ್ರೆಸ್ ಕೌನ್ಸಿಲ್ ನೋಡುವುದು ಪತ್ರಿಕೆ ಮತ್ತು ಸುದ್ದಿಸಂಸ್ಥೆಗಳನ್ನು ಮಾತ್ರ. ಆನ್‌ಲೈನ್‌ನಲ್ಲಿ ಬರೆದದ್ದಕ್ಕೆ ಜೈಲಿಗೆ ಹಾಕಲು ಬಳಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಅನ್ನು 2015ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು ಒಂದು ದೊಡ್ಡ ಸಮಾಧಾನ. ಆದರೆ ಮಾನನಷ್ಟದ ಕಾನೂನು ಹಾಗೇ ಇದೆ. ಮೊದಲು ಐಪಿಸಿ 499, 500 ಆಗಿದ್ದದ್ದು 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 356. ಹೇಳಿದ್ದು ನಿಜ ಆಗಿದ್ದು ಸಾರ್ವಜನಿಕರ ಒಳಿತಿಗಾಗಿ ಆಗಿದ್ದರೆ ಅದರಲ್ಲಿ ರಕ್ಷಣೆ ಇದೆ, ಆದರೆ ಅದನ್ನು ಕೋರ್ಟಿನಲ್ಲಿ ನಿಂತು ತೋರಿಸಬೇಕು. ಪತ್ರಿಕೆಗೆ ವಕೀಲರಿರುತ್ತಾರೆ. ನಮಗೆ ಆ ಕಾಗದದ ಫೈಲ್ ಒಂದೇ ವಕೀಲ. ಅದಕ್ಕೇ ದೃಢೀಕೃತ ಪ್ರತಿ ಇಲ್ಲದೆ ನಾನು ಯಾರ ಹೆಸರನ್ನೂ ಬರೆಯುವುದಿಲ್ಲ.

ಇನ್ನು ಹೋರಾಟದ ಒಳಗೇ ಒಂದು ತೊಂದರೆ ಇದೆ. 2019ರ ಜೂನ್‌ನಲ್ಲಿ ಕೊಡಗಿಗೆ ತುರ್ತು ಚಿಕಿತ್ಸೆಯ ಸುಸಜ್ಜಿತ ಆಸ್ಪತ್ರೆ ಬೇಕು ಅಂತ ಟ್ವಿಟರ್‌ನಲ್ಲಿ ಅಭಿಯಾನ ಎದ್ದಿತ್ತು. ಹೃದಯಾಘಾತವೋ ತಲೆಗೆ ಪೆಟ್ಟೋ ಆದರೆ ಇಲ್ಲಿಂದ ಮೈಸೂರಿಗೋ ಮಂಗಳೂರಿಗೋ ನೂರು ಕಿಲೋಮೀಟರ್ ದಾಟಿ ಓಡಬೇಕು, ದಾರಿಯಲ್ಲೇ ಜೀವ ಹೋದವರು ಪ್ರತಿ ಊರಿನಲ್ಲೂ ಇದ್ದಾರೆ. ಫೋನ್ ಹಿಡಿದ ಸಾಮಾನ್ಯ ಹುಡುಗ ಹುಡುಗಿಯರು ಎಬ್ಬಿಸಿದ ಕೂಗು ಅದು. ಸಿನಿಮಾ ನಟರು ದನಿ ಸೇರಿಸಿದ ಮೇಲೆ ಟಿವಿಗಳು ಎತ್ತಿಕೊಂಡವು, ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರೂ ಸ್ಪಂದಿಸಿದರು. ಟಿವಿ ಬರದಿದ್ದರೆ ಅಷ್ಟು ಬೇಗ ಅಲ್ಲಿಗೆ ಮುಟ್ಟುತ್ತಿರಲಿಲ್ಲ, ನಿಜ. ಆದರೆ ಚರ್ಚೆಯಲ್ಲಿ ಯಾವ ನಟ ಏನು ಬರೆದರು ಅನ್ನುವುದೇ ಜಾಸ್ತಿ ಆಯಿತು. ಎಷ್ಟು ವೈದ್ಯರ ಹುದ್ದೆ ಖಾಲಿ, ಆಂಬುಲೆನ್ಸ್ ಎಲ್ಲೆಲ್ಲಿ ನಿಲ್ಲುತ್ತದೆ ಅನ್ನುವುದು ಹಿಂದೆ ಬಿತ್ತು.

ಆಗಿನಿಂದ ನಮ್ಮ ಸಭೆಗಳಲ್ಲೂ ಒಂದು ಅಭ್ಯಾಸ ಬಂದಿದೆ. ಟಿವಿಯ ಮೈಕ್ ಬಂದರೆ ಮಾತ್ರ ಭಾಷಣ ಶುರು. ಕ್ಯಾಮೆರಾ ಹೊರಟರೆ ಜನವೂ ಹೊರಡುತ್ತಾರೆ. ನಾನು ಇದನ್ನು ಸಭೆಯಲ್ಲೇ ಎದ್ದು ಹೇಳಿದ್ದೇನೆ. ದಿಡ್ಡಳ್ಳಿಯನ್ನು ನೆನಪು ಮಾಡಿಕೊಳ್ಳಿ ಅಂದೆ. 2016ರ ಡಿಸೆಂಬರ್‌ನಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದಾಗ ರಾಜ್ಯದ ಕಣ್ಣೆಲ್ಲಾ ಅಲ್ಲಿತ್ತು. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟಕ್ಕೆ ಅವರನ್ನು ಕಳಿಸಿದರು. ಹಾಡಿ ಬಿಟ್ಟು ಬಂದವರಿಗೆ ಅಲ್ಲಿ ಕೂಲಿ ಎಲ್ಲಿ, ಕಾಡಿಗೆ ಹೋಗುವ ದಾರಿ ಎಲ್ಲಿ ಅಂತ ಕೇಳಿ ಬರೆದವರು ಎಷ್ಟು ಜನ? ಬರೆದದ್ದು ಹೆಚ್ಚಾಗಿ ಚಿಕ್ಕ ಚಿಕ್ಕ ಪೇಜಿನವರು, ಸ್ವಂತ ಖರ್ಚಿನಲ್ಲಿ ಹೋದವರು.

ಈಗ ಆ ವರದಿಗಾರ ಹುಡುಗನಿಗೂ ನನಗೂ ಒಳ್ಳೆಯ ಹೊಂದಾಣಿಕೆ ಇದೆ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ, ನಮ್ಮ ಸುತ್ತಮುತ್ತ ಕಡಿದು ಬಿಟ್ಟ ಬರೆಗಳ ಫೋಟೋವನ್ನು ಪ್ರತಿ ವರ್ಷ ಒಂದೇ ಜಾಗದಲ್ಲಿ ನಿಂತು ತೆಗೆಯುತ್ತೇನೆ. ಬಿರುಕು ಬಂದಿದೆಯಾ, ಟಾರ್ಪಾಲ್ ಹೊದಿಸಿದ್ದಾರಾ, ಕೆಳಗೆ ತೋಟದ ಕಾರ್ಮಿಕರ ಲೈನ್ ಮನೆ ಇದೆಯಾ ಅಂತ ಬರೆದು ಅವನಿಗೂ ಪಂಚಾಯಿತಿಗೂ ಒಟ್ಟಿಗೆ ಕಳಿಸುತ್ತೇನೆ. ಅವನು ಅಧಿಕಾರಿಗಳನ್ನು ಕೇಳಿ ಸುದ್ದಿ ಮಾಡುತ್ತಾನೆ. ಅವನ ಫೋನಿಗೆ ಅವರು ಉತ್ತರ ಕೊಡುತ್ತಾರೆ, ನನ್ನ ಫೋನಿಗೆ ಕೊಡುವುದಿಲ್ಲ. ಈಗಲೂ ಕೆಲವೊಮ್ಮೆ ಡೆಸ್ಕಿನಲ್ಲಿ 'ಆರೋಪ' ಸೇರಿಕೊಳ್ಳುತ್ತದೆ. ಸೇರಿದಾಗೆಲ್ಲಾ ನಾನು ಪತ್ರ ಬರೆಯುತ್ತೇನೆ, ಪ್ರತಿ ಲಗತ್ತಿಸುತ್ತೇನೆ.

ಯಾರಾದರೂ ತಮ್ಮ ಊರಿನಲ್ಲಿ ಇದನ್ನು ಮಾಡಬೇಕು ಅಂತಿದ್ದರೆ ದೊಡ್ಡ ವಿಷಯ ಹಿಡಿಯಬೇಡಿ. ನಿಮ್ಮ ಪಂಚಾಯಿತಿಯ ಒಂದೇ ಒಂದು ಸರ್ವೆ ನಂಬರಿನಿಂದ ಶುರುಮಾಡಿ. ಅರ್ಜಿ ಬರೆಯಲು ಗೊತ್ತಾಗದಿದ್ದರೆ ನನಗೆ ಒಂದು ಮೆಸೇಜ್ ಹಾಕಿ, ನಾನು ಬರೆದ ಹಳೆಯ ಅರ್ಜಿಗಳನ್ನು ಕಳಿಸಿಕೊಡುತ್ತೇನೆ.