ಗದಗಿನ ಮುದ್ರಣಾಲಯದ ಹಳೆಯ ಕಂಪ್ಯೂಟರಿಗೆ ಹೊಸ ಕೆಪ್ಯಾಸಿಟರ್

ಮುದ್ರಣಕಾಶಿ ಎಂದು ಹೆಸರಾದ ಗದಗಿನಲ್ಲಿ ಲಗ್ನಪತ್ರಿಕೆ, ಕರಪತ್ರ, ಬಿಲ್‌ಬುಕ್ಕುಗಳನ್ನು ಅಚ್ಚು ಹಾಕುವ ಸಣ್ಣ ಮುದ್ರಣಾಲಯವೊಂದರಲ್ಲಿ ಪೆಂಟಿಯಂ 4 ಕಾಲದ ಕಂಪ್ಯೂಟರೊಂದು ವಿಂಡೋಸ್ ಎಕ್ಸ್‌ಪಿಯೊಂದಿಗೆ ಇಂದಿಗೂ ದುಡಿಯುತ್ತಿದೆ. ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲಿಯೇ ಎಕ್ಸ್‌ಪಿಗೆ ಬೆಂಬಲ ನಿಲ್ಲಿಸಿದರೂ ಮಾಲೀಕರು ಅದನ್ನು ಬಿಡದಿರುವುದಕ್ಕೆ ಜಿಪುಣತನ ಕಾರಣವಲ್ಲ. ಅವರು ಪುಟ ವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ ಸಿದ್ಧಪಡಿಸಿಟ್ಟ ಪುಟಗಳೆಲ್ಲ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರಸಂಕೇತವಾದ ಯೂನಿಕೋಡ್‌ಗಿಂತ ಮೊದಲಿನ ಕನ್ನಡ ಫಾಂಟುಗಳಲ್ಲಿವೆ, ಮತ್ತು ಆ ಫಾಂಟುಗಳ ತಂತ್ರಾಂಶ ತೆರೆಯಬೇಕಾದರೆ ಹಿಂಬದಿಯ 25 ಪಿನ್ನಿನ ಪ್ರಿಂಟರ್ ಪೋರ್ಟಿನಲ್ಲಿ ಹಾರ್ಡ್‌ವೇರ್ ಲಾಕ್, ಅಂದರೆ ತಂತ್ರಾಂಶದ ಪರವಾನಗಿಗೆ ಸಾಕ್ಷಿಯಾದ ಪುಟ್ಟ ಸಾಧನ, ಕೂತಿರಬೇಕು. ಈಗಿನ ಮದರ್‌ಬೋರ್ಡುಗಳಲ್ಲಿ ಆ ಪೋರ್ಟ್ ಕಾಣಸಿಗುವುದು ಅಪರೂಪ. ಯುಎಸ್‌ಬಿಗೆ ಜೋಡಿಸುವ ಪ್ರಿಂಟರ್ ಕೇಬಲನ್ನು ಬಳಸಬಹುದಲ್ಲವೇ ಎಂದು ಹಲವರು ಕೇಳುತ್ತಾರೆ. ಅಂಥ ಕೇಬಲ್ ಪ್ರಿಂಟರನ್ನು ನಡೆಸುತ್ತದೆಯೇ ಹೊರತು, ಪೋರ್ಟಿನ ವಿಳಾಸದೊಂದಿಗೆ ನೇರವಾಗಿ ವ್ಯವಹರಿಸುವ ಲಾಕಿಗೆ ಸಾಮಾನ್ಯವಾಗಿ ಉಪಯೋಗಕ್ಕೆ ಬಾರದು. “ಹೊಸಾದು ತಂದ್ರ ನನ್ನ ಅಕ್ಷರ ಎಲ್ಲಾ ಹೋಗ್ತಾವ್ರಿ ಸರ” ಎಂದು ಮಾಲೀಕರು ಹೇಳಿದ್ದರಲ್ಲಿ ಉತ್ಪ್ರೇಕ್ಷೆಯಿರಲಿಲ್ಲ.

ಯಂತ್ರದ ತೊಂದರೆ ವಿಚಿತ್ರವಾಗಿತ್ತು. ಮುಂಜಾನೆ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗಿ ನಿಲ್ಲುತ್ತಿತ್ತು. ಹಲವು ಬಾರಿ ಒತ್ತಿದ ಮೇಲೆ ಹೇಗೋ ಚಾಲೂ ಆದರೆ, ಬಿಸಿಯೇರಿದ ಬಳಿಕ ಸಂಜೆಯವರೆಗೆ ತಕರಾರಿಲ್ಲದೆ ನಡೆಯುತ್ತಿತ್ತು. ಅಲ್ಲಿಯ ರಿಪೇರಿಯವರು ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಪೂರೈಸುವ ಡಬ್ಬಿ) ಬದಲಿಸಿ ನೋಡಿದ್ದರು, ಗುಣ ಕಂಡಿರಲಿಲ್ಲ. ತಣ್ಣಗಿದ್ದಾಗ ಹಟ ಮಾಡಿ, ಕಾದ ಮೇಲೆ ನಡೆಯುವ ಹಳೆಯ ಬೋರ್ಡನ್ನು ಕಂಡಾಗ ನನ್ನ ಕಣ್ಣು ಮೊದಲು ಹೋಗುವುದು ಪ್ರೊಸೆಸರಿನ ಸುತ್ತ ನಿಂತ ಕೆಪ್ಯಾಸಿಟರುಗಳ, ಅಂದರೆ ವಿದ್ಯುತ್ತನ್ನು ಹಿಡಿದಿಟ್ಟು ಸಮವಾಗಿ ಕೊಡುವ ಪುಟ್ಟ ಡಬ್ಬಿಗಳ, ಕಡೆಗೆ. ಇಲ್ಲಿಯೂ ಅವುಗಳ ನೆತ್ತಿ ಸಮತಟ್ಟಾಗಿರದೆ ಉಬ್ಬಿತ್ತು, ಒಂದೆರಡರ ಮೇಲೆ ಕಂದು ಕಲೆ ಒಣಗಿ ಕೂತಿತ್ತು.

ಇದು ಆ ಒಂದು ಬೋರ್ಡಿನ ದುರದೃಷ್ಟವಲ್ಲ. ಸುಮಾರು 1999ರಿಂದ 2007ರವರೆಗೆ ತಯಾರಾದ ಅಸಂಖ್ಯ ಬೋರ್ಡುಗಳಲ್ಲಿ ಅಲ್ಯುಮಿನಿಯಂ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರುಗಳು ಅಕಾಲದಲ್ಲಿ ಕೆಟ್ಟವು. ಒಳಗಿನ ನೀರು ಬೆರೆತ ದ್ರಾವಣದಲ್ಲಿ ಅಲ್ಯುಮಿನಿಯಂ ಸವೆಯದಂತೆ ತಡೆಯುವ ಅಂಶ ಸಾಲದಿದ್ದಾಗ ಹೈಡ್ರೋಜನ್ ಅನಿಲ ಹುಟ್ಟಿ ಡಬ್ಬಿ ಉಬ್ಬುತ್ತದೆ. ಅದು ಸಿಡಿಯದೆ ಬಿರಿಯಲೆಂದೇ ನೆತ್ತಿಯ ಮೇಲೆ ಗೀರು ಹಾಕಿರುತ್ತಾರೆ. ಈ ಪಿಡುಗಿನ ವೆಚ್ಚಕ್ಕಾಗಿ ಡೆಲ್ ಕಂಪನಿ 2005ರಲ್ಲಿ 30 ಕೋಟಿ ಡಾಲರ್ ತೆಗೆದಿರಿಸಬೇಕಾಯಿತು.

ಬೆಸುಗೆಗೆ ಕೈಹಾಕುವ ಮೊದಲು ನಾನು ಹಾರ್ಡ್ ಡಿಸ್ಕನ್ನು ಹೊರತೆಗೆದೆ, ಏಕೆಂದರೆ ಬೋರ್ಡ್ ಹೋದರೆ ಇನ್ನೊಂದನ್ನು ಹುಡುಕಬಹುದು, ಪುಟಗಳು ಹೋದರೆ ಇಲ್ಲ. ಐಡಿಇ ಎಂಬ ಹಳೆಯ ಜೋಡಣೆಯ 40 ಜಿಬಿಯ ಆ ಡಿಸ್ಕನ್ನು ಯುಎಸ್‌ಬಿ ಅಡಾಪ್ಟರಿನ ಮೂಲಕ ನನ್ನ ಲಿನಕ್ಸ್ ಯಂತ್ರಕ್ಕೆ ಜೋಡಿಸಿ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಪೂರ್ತಿ ಪ್ರತಿ ತೆಗೆದೆ. ಮಾಮೂಲಿ ಕಾಪಿಗಿಂತ ಇದು ಮೇಲು: ಓದಲು ಬಾರದ ಜಾಗವನ್ನು ದಾಟಿ ಮೊದಲು ಸುಲಭವಾದುದನ್ನೆಲ್ಲ ಎತ್ತಿಕೊಂಡು, ಬಿಟ್ಟುಹೋದ ಜಾಗಗಳನ್ನು ಮ್ಯಾಪ್ ಫೈಲಿನಲ್ಲಿ ಬರೆದಿಟ್ಟು, ಆಮೇಲೆ ಅಲ್ಲಿಗೆ ಮಾತ್ರ ಮರಳಿ ಹೋಗುತ್ತದೆ. ಕರೆಂಟು ಹೋದರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ. ನಮ್ಮ ಕಡೆ ಇದು ಸಣ್ಣ ಅನುಕೂಲವಲ್ಲ.

ಕೆಪ್ಯಾಸಿಟರ್ ಹುಡುಕುವುದೇ ಹೆಚ್ಚು ತಾಳ್ಮೆ ಬೇಡಿತು. ಹಳೆಯವುಗಳ ಮೇಲೆ 3300 ಮೈಕ್ರೋಫ್ಯಾರಡ್, 6.3 ವೋಲ್ಟ್, 105 ಡಿಗ್ರಿ ಎಂದಿತ್ತು. ಹುಬ್ಬಳ್ಳಿಯ ಅಂಗಡಿಗಳಲ್ಲಿ ಇಷ್ಟೇ ಮೌಲ್ಯದವು ಸಿಗುತ್ತವೆ, ಆದರೆ ಅವು ಹೆಚ್ಚಾಗಿ ಆಂಪ್ಲಿಫೈಯರಿಗೆ ತಕ್ಕ ಸಾಮಾನ್ಯ ದರ್ಜೆಯವು. ಪ್ರೊಸೆಸರಿನ ಪಕ್ಕದ ಸರ್ಕ್ಯೂಟ್ 12 ವೋಲ್ಟನ್ನು ಸುಮಾರು ಒಂದೂವರೆ ವೋಲ್ಟಿಗೆ ಇಳಿಸಲು ಸೆಕೆಂಡಿಗೆ ಲಕ್ಷಾಂತರ ಬಾರಿ ಸ್ವಿಚ್ ಆಗುತ್ತಿರುತ್ತದೆ. ಅಲ್ಲಿ ಒಳನಿರೋಧ ಕಡಿಮೆಯಿರುವ ‘ಲೋ ಇಎಸ್‌ಆರ್’ ಮಾದರಿಯೇ ಬೇಕು, ಇಲ್ಲವಾದರೆ ಹೊಸದೂ ಕಾದು ಬೇಗನೆ ಕೆಡುತ್ತದೆ. ನಾನು ಜಪಾನಿನ ತಯಾರಿಕೆಯವನ್ನು ಆನ್‌ಲೈನಿನಲ್ಲಿ ತರಿಸಿಕೊಂಡೆ. ಸತ್ತ ಬೋರ್ಡಿನಿಂದ ಕಿತ್ತು ಹಾಕುವವರಿದ್ದಾರೆ. ವಯಸ್ಸಾದ ಕೆಪ್ಯಾಸಿಟರನ್ನು ಇನ್ನೊಂದು ವಯಸ್ಸಾದ ಬೋರ್ಡಿಗೆ ಹಾಕುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಮದರ್‌ಬೋರ್ಡಿನ ಒಳಪದರಗಳ ತಾಮ್ರ ಶಾಖವನ್ನೆಲ್ಲ ಹೀರುವುದರಿಂದ 25 ವ್ಯಾಟಿನ ಬೆಸುಗೆ ಕಡ್ಡಿ ಇಲ್ಲಿ ಸೋಲುತ್ತದೆ. 60 ವ್ಯಾಟಿನದರಿಂದ ಹಳೆಯ ಬೆಸುಗೆಯ ಮೇಲೆ ಮೊದಲು ಹೊಸ ಸೀಸ ಕೂಡಿಸಿ, ಒಂದು ಕಾಲನ್ನು ಕಾಯಿಸಿ ಡಬ್ಬಿಯನ್ನು ತುಸು ವಾಲಿಸಿ, ಮತ್ತೊಂದು ಕಾಲನ್ನು ಕಾಯಿಸಿ ಈಚೆ ವಾಲಿಸಿ, ಹೀಗೆ ನಿಧಾನವಾಗಿ ಹೊರಗೆಳೆದೆ. ಬಲವಂತ ಮಾಡಿದರೆ ರಂಧ್ರದೊಳಗಿನ ಲೋಹದ ಪದರವೇ ಕಿತ್ತು ಬರುತ್ತದೆ, ಆಮೇಲೆ ಬೋರ್ಡನ್ನು ಉಳಿಸಿಕೊಳ್ಳುವುದು ಕಷ್ಟ. ಮುಚ್ಚಿಹೋದ ರಂಧ್ರಗಳನ್ನು ಕಾಯಿಸಿ ಹಲ್ಲುಕಡ್ಡಿಯಿಂದ ಬಿಡಿಸಿದೆ. ಕೆಪ್ಯಾಸಿಟರಿನ ಮೈಮೇಲಿನ ಪಟ್ಟಿ ಋಣ ತುದಿಯನ್ನು ತೋರಿಸುತ್ತದೆ, ಆದರೆ ಬೋರ್ಡಿನ ಮೇಲೆ ಅಚ್ಚಾದ ಗುರುತು ಎಲ್ಲ ಕಂಪನಿಗಳಲ್ಲೂ ಒಂದೇ ಅರ್ಥದ್ದಲ್ಲ. ಆದ್ದರಿಂದ ಕೀಳುವ ಮೊದಲೇ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡಿದ್ದೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ನಾನು ಬಿಚ್ಚಲಿಲ್ಲ. ಅದರೊಳಗಿನ ದೊಡ್ಡ ಕೆಪ್ಯಾಸಿಟರಿನಲ್ಲಿ ಪ್ಲಗ್ ತೆಗೆದ ಮೇಲೂ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು.

ಜೊತೆಗೆ ಬೋರ್ಡಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಬದಲಿಸಿದೆ, ಪ್ರೊಸೆಸರಿಗೆ ಹೊಸ ಥರ್ಮಲ್ ಪೇಸ್ಟ್ ಹಚ್ಚಿದೆ. ಬೋರ್ಡಿನಲ್ಲಿ ಐಡಿಇ ನಂತರ ಬಂದ ಸಾಟಾ ಪೋರ್ಟ್ ಇದ್ದುದರಿಂದ ಬೋರ್ಡಿನ ಮೂಲ ಸೆಟ್ಟಿಂಗಾದ ಬಯೋಸ್‌ನಲ್ಲಿ ಅದನ್ನು ಐಡಿಇ ಮಾದರಿಗೆ ಇಟ್ಟು, ತೆಗೆದಿಟ್ಟ ಪ್ರತಿಯನ್ನು 120 ಜಿಬಿಯ ಎಸ್‌ಎಸ್‌ಡಿಗೆ (ತಿರುಗುವ ತಟ್ಟೆಯಿಲ್ಲದ, ಚಿಪ್‌ಗಳ ಡಿಸ್ಕಿಗೆ) ಬರೆದೆ. ಇದಕ್ಕಿಂತ ದೊಡ್ಡದು ಬೇಡವೆನಿಸಿತು, ಏಕೆಂದರೆ ಸರ್ವಿಸ್ ಪ್ಯಾಕ್ 1ಕ್ಕೆ ಮೊದಲಿನ ಎಕ್ಸ್‌ಪಿಗೆ 137 ಜಿಬಿ ದಾಟಿದ ಡಿಸ್ಕ್ ಸರಿಯಾಗಿ ಕಾಣುವುದಿಲ್ಲ.

ಈಗ ಯಂತ್ರ ಮುಂಜಾನೆ ಒಂದೇ ಒತ್ತಿಗೆ ಚಾಲೂ ಆಗುತ್ತದೆ. ಇಂಟರ್ನೆಟ್ ಕೇಬಲನ್ನು ತೆಗೆಸಿದ್ದೇನೆ. ಕಡತಗಳು ಪೆನ್‌ಡ್ರೈವಿನಲ್ಲಿ ಪಿಡಿಎಫ್ ಆಗಿ ಹೊರಬರುತ್ತವೆ. ಉಳಿದ ಚಿಂತೆ ಆ ಲಾಕಿನದು, ಏಕೆಂದರೆ ಅದಕ್ಕೆ ಪ್ರತಿಯಿಲ್ಲ. ಆದ್ದರಿಂದ ಬಿಡುವಿದ್ದಾಗಲೆಲ್ಲ ಹಳೆಯ ಪುಟಗಳ ಪಠ್ಯವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಂದು, ಒತ್ತಕ್ಷರಗಳನ್ನು ಕೈಯಿಂದ ತಿದ್ದುವ ಕೆಲಸವನ್ನು ಮಾಲೀಕರ ಮಗ ಆರಂಭಿಸಿದ್ದಾನೆ.